ಆಯದ ಹಕ್ಕಿನಿಂದ ಮಾನವ ಹಕ್ಕಿನವರೆಗೆ: ವಿಜಯಪುರ ಸೀಮೆಯ ಅಂಬೇಡ್ಕರ್ ಜಯಂತಿ

ಕನ್ನಡದಲ್ಲಿ ಆಚರಣೆಗಳನ್ನು ಕುರಿತ ಅಧ್ಯಯನವು ಬಹುಮಟ್ಟಿಗೆ ಜಾತ್ರೆ, ಹಬ್ಬ, ಉರುಸುಗಳ ಸುತ್ತ ಬೆಳೆದುಬಂದಿದೆ. ಜಯಂತಿಗಳು ಆಧುನಿಕ ಕಾಲದವು, ಭಾಷಣಪ್ರಧಾನವಾದವು ಎಂಬ ಕಾರಣಕ್ಕೆ ಅವುಗಳ ಕಡೆಗೆ ಹರಿದ ಗಮನ ಕಡಿಮೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಏಪ್ರಿಲ್ 14ರಂದು ನಡೆಯುವ ಡಾ. ಬಿ. ಆರ್. ಅಂಬೇಡ್ಕರ್ ಜಯಂತಿಯನ್ನು ಕೇವಲ ಭಾಷಣದ ಸಂದರ್ಭವೆಂದು ಪರಿಗಣಿಸಿದರೆ ಅದರ ತಿರುಳೇ ಕೈತಪ್ಪಿ ಹೋಗುತ್ತದೆ. ಅಲ್ಲಿ ಹಕ್ಕನ್ನು ಕುರಿತು ಮಾತನಾಡುವುದಕ್ಕೆ ಮೊದಲೇ ಹಕ್ಕನ್ನು ಚಲಾಯಿಸಲಾಗುತ್ತದೆ. ಈ ಮಾತನ್ನು ಸ್ಪಷ್ಟಪಡಿಸಿಕೊಳ್ಳಲು ‘ಹಕ್ಕು’ ಎಂಬ ಪದಕ್ಕೆ ಈ ನೆಲದಲ್ಲಿ ಇದ್ದ ಹಳೆಯ ಅರ್ಥವನ್ನೂ ಅದು ಪಡೆದುಕೊಂಡ ಹೊಸ ಅರ್ಥವನ್ನೂ ಎದುರುಬದುರು ಇಟ್ಟು ನೋಡಬೇಕಾಗುತ್ತದೆ.

1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಬಿಜಾಪುರ ಜಿಲ್ಲೆಯಲ್ಲಿ ಜಿಲ್ಲಾ ಕೇಂದ್ರದ ತಾಲೂಕನ್ನು ಬಿಟ್ಟರೆ ಉಳಿದವು ಈ ನಾಲ್ಕು ತಾಲೂಕುಗಳು. ಮುಂದೆ ಇವುಗಳಿಂದಲೇ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ತಾಲೂಕುಗಳು ರೂಪುಗೊಂಡವು. 2014ರ ನವೆಂಬರ್ 1ರಿಂದ ಬಿಜಾಪುರವು ವಿಜಯಪುರವೆಂಬ ಅಧಿಕೃತ ಹೆಸರು ಪಡೆಯಿತು. ಪ್ರಸ್ತುತ ವಿವೇಚನೆಯಲ್ಲಿ ಹಳೆಯ ನಾಲ್ಕು ತಾಲೂಕುಗಳ ವ್ಯಾಪ್ತಿಯನ್ನೇ ಗಮನದಲ್ಲಿ ಇರಿಸಿಕೊಳ್ಳಲಾಗಿದೆ.

1. ‘ಹಕ್ಕು’: ಹಳೆಯ ಅರ್ಥ

‘ಹಕ್ಕು’ ಅರಬ್ಬಿ ಮೂಲದ ಪದ. ಮೂಲದಲ್ಲಿ ಅದಕ್ಕೆ ಸತ್ಯ, ನ್ಯಾಯವಾಗಿ ಸಲ್ಲಬೇಕಾದುದು ಎಂಬ ಅರ್ಥಗಳಿವೆ. ಆದಿಲಶಾಹಿ ಹಾಗೂ ಮರಾಠಾ ಆಳ್ವಿಕೆಯ ವತನದ ಕಾಗದಪತ್ರಗಳಲ್ಲಿ ‘ಹಕ್ಕು-ಲವಾಜಮೆ’ ಎಂಬ ಜೋಡುನುಡಿ ಬಳಕೆಯಲ್ಲಿತ್ತು. ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿಗಳಿಗೆ ಭೂಮಿ ಮತ್ತು ಕಂದಾಯದ ಪಾಲು ‘ಹಕ್ಕು’ ಆಗಿದ್ದರೆ, ಊರಿನ ಕೆಳಗಿನ ಸೇವಕರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಸಿಗುವ ಆಯದ ಕಾಳು ‘ಹಕ್ಕು’ ಆಗಿತ್ತು. ಸತ್ತ ದನದ ತೊಗಲು, ಹೆಣದ ಮೇಲಿನ ಬಟ್ಟೆ, ಹಬ್ಬ-ಮದುವೆಗಳಲ್ಲಿ ಉಳಿದ ಅನ್ನ ಇವೂ ಈ ಲೆಕ್ಕಕ್ಕೇ ಸೇರುತ್ತಿದ್ದವು. ಬೀದರಿನ ಬಾದಶಹನು ಅಮೃತನಾಕನೆಂಬ ಮಹಾರ ವೀರನ ಸೇವೆಯನ್ನು ಮೆಚ್ಚಿ ಅವನ ಕುಲಕ್ಕೆ 52 ಹಕ್ಕುಗಳನ್ನು ಕೊಟ್ಟನೆಂಬ ಐತಿಹ್ಯ ಮರಾಠಿ ಸೀಮೆಯಲ್ಲಿ ಪ್ರಸಿದ್ಧವಾಗಿದೆ.

ಈ ಅರ್ಥದಲ್ಲಿ ಹಕ್ಕಿಗೆ ಮೂರು ಲಕ್ಷಣಗಳಿದ್ದವು. ಅದು ವ್ಯಕ್ತಿಯದಲ್ಲ, ಹುಟ್ಟಿದ ಕುಲದ್ದು. ಅದರ ಬೆನ್ನಿಗೇ ಬಿಟ್ಟಿ ಚಾಕರಿಯ ಕಟ್ಟು ಇತ್ತು. ಅದನ್ನು ಪಡೆಯುವವನು ಕೊಡುವವನ ಎದುರು ಕೈಯೊಡ್ಡಿ ನಿಲ್ಲಬೇಕಾಗಿತ್ತು. ಹೀಗೆ ಹೆಸರಿಗೆ ಹಕ್ಕಾಗಿದ್ದರೂ ಅನುಭವದಲ್ಲಿ ಅದು ಅವಮಾನವೇ ಆಗಿತ್ತು. ಮುದ್ದೇಬಿಹಾಳದಲ್ಲಿ 1956ರಲ್ಲಿ ಜನಿಸಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಈ ಇಬ್ಬಂದಿತನವನ್ನು ಬಾಲ್ಯದ ನೆನಪುಗಳ ಮೂಲಕ ದಾಖಲಿಸಿದ ಆತ್ಮಕಥನ. ಶವದ ಮೇಲೆ ತೂರಿದ ಚಿಲ್ಲರೆ, ಮದುವೆಮನೆಯ ಊಟದಂತಹ ಸಂಗತಿಗಳು ಅಲ್ಲಿ ‘ಪದ್ಧತಿ’ ಎಂಬುದರ ಒಳಗಿನ ಹಿಂಸೆಯನ್ನು ಬಯಲಿಗೆ ತರುತ್ತವೆ. ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಗುರುತಿಸಲಾಗುವ ಈ ಕೃತಿಯ ಲೇಖಕರು ಇದೇ ಸೀಮೆಯವರೆಂಬುದು ಗಮನಾರ್ಹ.

2. ಮುಂಬಯಿ ಪ್ರಾಂತ್ಯದ ನಂಟು

ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಅಂಬೇಡ್ಕರರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎತ್ತಿದ ಪ್ರಶ್ನೆಗಳು ಈ ಹಳ್ಳಿಗಳಿಗೆ ನೇರವಾಗಿ ಸಂಬಂಧಿಸಿದ್ದವು. 1923ರ ಆಗಸ್ಟಿನಲ್ಲಿ ಎಸ್. ಕೆ. ಬೋಲೆಯವರು ತಂದ ಗೊತ್ತುವಳಿಯು ಸಾರ್ವಜನಿಕ ಹಣದಿಂದ ನಿರ್ಮಾಣವಾದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಸಾರಿತು. ಗೊತ್ತುವಳಿ ಕಾಗದದ ಮೇಲೆ ಉಳಿದಾಗ ಅದನ್ನು ನೆಲಕ್ಕೆ ಇಳಿಸಿದ್ದು 1927ರ ಮಾರ್ಚ್ 20ರ ಮಹಾಡದ ಕೆರೆಯ ಸತ್ಯಾಗ್ರಹ.

1928ರ ಮಾರ್ಚ್ 19ರಂದು ಅಂಬೇಡ್ಕರರು 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಕೋರಿ ಮಸೂದೆ ಮಂಡಿಸಿದರು. ಹಗಲು ರಾತ್ರಿಯೆನ್ನದೆ ದುಡಿಯಬೇಕಾದ, ಒಬ್ಬನಿಲ್ಲದಿದ್ದರೆ ಅವನ ಮನೆಯ ಇನ್ನೊಬ್ಬನು ಹೋಗಬೇಕಾದ ವತನದ ಚಾಕರಿಯಿಂದ ಮಹಾರರನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು. ಮಸೂದೆ ಕೈಗೂಡದಿದ್ದರೂ ಅದರ ಹಿಂದಿನ ವಿಚಾರ ಮುಖ್ಯವಾದುದು. ‘ಹಕ್ಕು’ ಎಂದು ಕರೆಯಲಾಗುತ್ತಿದ್ದುದನ್ನೇ ಬಿಟ್ಟುಕೊಟ್ಟರೆ ಮಾತ್ರ ನಿಜವಾದ ಹಕ್ಕು ದೊರೆಯುತ್ತದೆ ಎಂಬುದು ಅದರ ತಾತ್ಪರ್ಯ. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಕಾನೂನಿನ ಮಟ್ಟಿಗೆ ರದ್ದಾದುದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. ಅದು ಜಾರಿಗೆ ಬಂದುದು 1963ರ ಫೆಬ್ರವರಿಯಲ್ಲಿ.

ಚಳವಳಿಯ ನಂಟೂ ದೂರದ್ದಲ್ಲ. ಬಹಿಷ್ಕೃತ ಹಿತಕಾರಿಣಿ ಸಭೆಯು 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿತು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ನಿಪ್ಪಾಣಿಯಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಪ್ರಾಂತೀಯ ಪರಿಷತ್ತು ಜರುಗಿತು. ಮುಂದೆ ಧಾರವಾಡದಲ್ಲಿಯೂ ದಲಿತ ವಿದ್ಯಾರ್ಥಿಗಳ ವಸತಿನಿಲಯ ಸ್ಥಾಪನೆಗೊಂಡಿತು. ಹೊಟಗಿಯಿಂದ ಗದಗಿಗೆ 1884ರಲ್ಲಿಯೇ ರೈಲುಮಾರ್ಗವಾಗಿದ್ದು, ಇಂಡಿ ರೋಡ್ ಮತ್ತು ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಈ ಸೀಮೆಯನ್ನು ಸೊಲ್ಲಾಪುರಕ್ಕೆ ಜೋಡಿಸಿದ್ದವು. ಬರಗಾಲದಲ್ಲಿ ದುಡಿಮೆಯನ್ನು ಅರಸಿ ಗುಳೆ ಹೋದವರ ದಾರಿಯೂ ಹೊಸ ವಿಚಾರಗಳ ದಾರಿಯೂ ಈ ನಾಡಿನಲ್ಲಿ ಬೇರೆ ಬೇರೆಯಾಗಿರಲಿಲ್ಲ.

3. ಮೆರವಣಿಗೆಯ ದಾರಿ

ಮಹಾಪುರುಷರ ಜಯಂತಿಯನ್ನು ಬೀದಿಗೆ ತಂದು ಆಚರಿಸುವ ಕ್ರಮ ಇಪ್ಪತ್ತನೆಯ ಶತಮಾನದ್ದು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಪ್ರಾರಂಭಿಸಿದರು. ಅಂಬೇಡ್ಕರ್ ಜಯಂತಿಯ ಆರಂಭವನ್ನು 1928ರಲ್ಲಿ ಪುಣೆಯಲ್ಲಿ ಜನಾರ್ದನ ಸದಾಶಿವ ರಣಪಿಸೆಯವರು ನಡೆಸಿದ ಆಚರಣೆಯಿಂದ ಗುರುತಿಸಲಾಗುತ್ತದೆ. ಕರ್ನಾಟಕದಲ್ಲಿ 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಯು ಈ ದಿನಕ್ಕೆ ಸಂಘಟನೆಯ ಬಲವನ್ನೂ ಹೋರಾಟದ ಹಾಡುಗಳನ್ನೂ ಒದಗಿಸಿತು.

ಹಳ್ಳಿಯ ಜಯಂತಿಯಲ್ಲಿ ಭಾವಚಿತ್ರವನ್ನು ಅಲಂಕರಿಸಿದ ಟ್ರ್ಯಾಕ್ಟರಿನಲ್ಲಿಟ್ಟು, ನೀಲಿ ಧ್ವಜ ಹಿಡಿದು, ‘ಜೈ ಭೀಮ್’ ಘೋಷಣೆಯೊಂದಿಗೆ ಕೇರಿಯಿಂದ ಹೊರಡುವ ಮೆರವಣಿಗೆಯೇ ಪ್ರಧಾನ ಅಂಗ. ಅಗಸಿ, ಹನುಮಪ್ಪನ ಗುಡಿ, ಚಾವಡಿ, ಗೌಡರ ಓಣಿ ಇವು ಹಳೆಯ ಊರಿನ ಅಧಿಕಾರದ ನೆಲೆಗಳು. ಅಲ್ಲಿ ಕೆರವನ್ನು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಡೆಯಬೇಕಾಗಿದ್ದ ಜನ ಅದೇ ದಾರಿಯಲ್ಲಿ ಹೊಸ ಬಟ್ಟೆಯುಟ್ಟು, ಮೆಟ್ಟು ಮೆಟ್ಟಿ, ತಲೆಯೆತ್ತಿ ನಡೆಯುವುದು ಸಾಂಕೇತಿಕ ಕ್ರಿಯೆ ಮಾತ್ರವಲ್ಲ. ಕಾನೂನು ಹೆಸರಿಸಿ ರಕ್ಷಿಸಿರುವ ಹಕ್ಕುಗಳಲ್ಲಿ ಇದೂ ಒಂದು. ಸಂವಿಧಾನದ 17ನೆಯ ವಿಧಿಯ ಬೆನ್ನಿಗೆ ಬಂದ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಧಾರ್ಮಿಕ, ಸಾಮಾಜಿಕ ಅಥವಾ ಸಾಂಸ್ಕೃತಿಕ ಮೆರವಣಿಗೆಯಲ್ಲಿ ಭಾಗವಹಿಸುವುದನ್ನು, ಮೆರವಣಿಗೆ ಹೊರಡಿಸುವುದನ್ನು ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅದರ 4ನೆಯ ಕಲಮಿನ ಪ್ರಕಾರ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯು ಪಾದರಕ್ಷೆ, ಹೊಸ ಬಟ್ಟೆ, ಮದುವೆಯ ಮೆರವಣಿಗೆ, ಜಾತ್ರೆಗಳನ್ನೂ ಸ್ಪಷ್ಟವಾಗಿ ಹೆಸರಿಸಿತು. ಪೂಜ್ಯರೆಂದು ಭಾವಿಸಲಾದವರ ಪ್ರತಿಮೆ, ಭಾವಚಿತ್ರಗಳಿಗೆ ಹಾನಿ ಮಾಡುವುದನ್ನು ಅಪರಾಧಗಳ ಪಟ್ಟಿಗೆ ಸೇರಿಸಿತು. ಕಾನೂನು ಇಷ್ಟು ಸಣ್ಣಪುಟ್ಟ ಸಂಗತಿಗಳನ್ನು ಹೆಸರಿಸಬೇಕಾಗಿ ಬಂದುದೇ ವಾಸ್ತವದ ಸ್ಥಿತಿಗೆ ಸಾಕ್ಷಿ.

ಆದ್ದರಿಂದ ಮೆರವಣಿಗೆ ಯಾವ ಓಣಿಯಿಂದ ಹಾಯಬೇಕು ಎಂಬ ಚರ್ಚೆಯನ್ನು ಶಾಂತಿ-ಸುವ್ಯವಸ್ಥೆಯ ಪ್ರಶ್ನೆಯೆಂದು ಮಾತ್ರ ನೋಡಲಾಗದು. ದಾರಿಯನ್ನು ಬದಲಿಸಿದಾಗ ಜಯಂತಿ ನಡೆಯುತ್ತದೆ, ಆದರೆ ಅದರ ಅರ್ಥ ಕುಗ್ಗುತ್ತದೆ.

4. ಹಲಗೆ, ಹಾಡು, ತೊಟ್ಟಿಲು

ಮೆರವಣಿಗೆಯ ಮುಂದೆ ಬಾರಿಸುವ ಹಲಗೆಯೂ ಇದೇ ಅರ್ಥಾಂತರಕ್ಕೆ ಒಳಗಾದುದು. ಡಂಗುರ ಸಾರಲು, ಹೆಣದ ಮುಂದೆ, ದೇವರ ಉತ್ಸವದಲ್ಲಿ ಹಲಗೆ ಬಾರಿಸುವುದು ಹುಟ್ಟಿನಿಂದ ಬಂದ ಚಾಕರಿಯಾಗಿತ್ತು. ಆ ಕಾರಣಕ್ಕೆ ಹಲಗೆಯನ್ನು ತ್ಯಜಿಸಬೇಕೆಂಬ ನಿಲುವು ದಲಿತ ಚಳವಳಿಯಲ್ಲಿ ಕಾಣಿಸಿಕೊಂಡಂತೆ, ಅದನ್ನು ತಮ್ಮದೇ ಕಲೆಯಾಗಿ ಮರಳಿ ಪಡೆಯಬೇಕೆಂಬ ನಿಲುವೂ ಕಾಣಿಸಿಕೊಂಡಿತು. ಎರಡರ ಹಿಂದೆಯೂ ಇರುವ ತತ್ವ ಒಂದೇ: ಬಾರಿಸುವ ಅಥವಾ ಬಾರಿಸದಿರುವ ನಿರ್ಧಾರ ಬಾರಿಸುವವನದ್ದಾಗಿರಬೇಕು.

ಇಂಡಿ ಸೀಮೆಯ ಹಲಸಂಗಿ ಕನ್ನಡ ಜಾನಪದ ಅಧ್ಯಯನದಲ್ಲಿ ಚಿರಪರಿಚಿತ ಹೆಸರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರ ಬಳಗವು ‘ಗರತಿಯ ಹಾಡು’ (1931) ಮೊದಲಾದ ಸಂಗ್ರಹಗಳನ್ನು ಹೊರತಂದಿತು. ಲಾವಣಿ, ಗೀಗೀ ಮೇಳಗಳಿಗೂ ಇದು ನೆಲೆವೀಡು. ದಪ್ಪು, ತುಂತುಣಿಗಳ ಹಿಮ್ಮೇಳದಲ್ಲಿ ಕಥೆಯನ್ನು ಕಟ್ಟುತ್ತ ಹೋಗುವ ಗೀಗೀ ಧಾಟಿಯು ಅಂಬೇಡ್ಕರರ ಜೀವನವೃತ್ತಾಂತಕ್ಕೆ ಸಹಜವಾಗಿ ಹೊಂದುತ್ತದೆ. ಗಡಿಯಾಚೆಯಿಂದ ವಾಮನದಾದಾ ಕರ್ಡಕರಂತಹ ಕವಿಗಳ ಮರಾಠಿ ಭೀಮಗೀತೆಗಳ ಪರಂಪರೆಯೂ ಇದೆ. ಉತ್ತರ ಕರ್ನಾಟಕದ ಬಸವ ಜಯಂತಿಯಲ್ಲಿ ಹೆಂಗಳೆಯರು ತೊಟ್ಟಿಲು ತೂಗಿ ಜೋಗುಳ ಹಾಡುವಂತೆ, ಕೆಲವೆಡೆ ಅಂಬೇಡ್ಕರ್ ಜಯಂತಿಯಲ್ಲಿಯೂ ತೊಟ್ಟಿಲ ಕಾರ್ಯಕ್ರಮ ನಡೆಯುತ್ತದೆ. ಸಂವಿಧಾನದಂತಹ ಲಿಖಿತ ಪಠ್ಯವು ಮೌಖಿಕ ಪರಂಪರೆಯೊಳಗೆ ಪ್ರವೇಶ ಪಡೆಯುವ ಬಗೆಯನ್ನು ಇಲ್ಲಿ ಕಾಣಬಹುದು.

5. ಎರಡು ಜಯಂತಿಗಳ ನಡುವೆ

ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ ಸಾಮಾನ್ಯವಾಗಿ ಅಂಬೇಡ್ಕರ್ ಜಯಂತಿಯ ಆಸುಪಾಸಿನಲ್ಲಿಯೇ ಬರುತ್ತದೆ. ಹೀಗಾಗಿ ಇಬ್ಬರನ್ನೂ ಜೊತೆಗಿಟ್ಟು ಹೇಳುವ ರೂಢಿ ಭಾಷಣಗಳಲ್ಲಿ ಬೆಳೆದಿದೆ. ಈ ಜೋಡಣೆಯಿಂದ ಸಮಾನತೆಯು ಪರದೇಶದ ಸರಕಲ್ಲ, ಈ ಮಣ್ಣಿನದೇ ಮಾತು ಎಂಬ ಅರಿವು ಮೂಡುತ್ತದೆ. ಆದರೆ ಎರಡು ನೆಲೆಗಳ ವ್ಯತ್ಯಾಸವನ್ನು ಮರೆಯಲಾಗದು. ಶರಣರ ಸಮಾನತೆಗೆ ಭಕ್ತಿ ಮತ್ತು ದೀಕ್ಷೆ ಆಧಾರ; ಸಂವಿಧಾನದ ಸಮಾನತೆಗೆ ಪೌರತ್ವವೇ ಆಧಾರ. ಮೊದಲನೆಯದು ಮನಃಪರಿವರ್ತನೆಯನ್ನು ಬೇಡಿದರೆ, ಎರಡನೆಯದು ಎದುರಿನವನ ಮನಸ್ಸು ಬದಲಾಗುವವರೆಗೆ ಕಾಯುವುದಿಲ್ಲ. ‘ನಮ್ಮಲ್ಲಿ ಹಿಂದಿನಿಂದಲೂ ಸಮಾನತೆಯಿದೆ’ ಎಂಬ ಸಮಾಧಾನಕ್ಕೆ ಈ ಜೋಡಣೆ ಬಳಕೆಯಾದರೆ ಇಬ್ಬರಿಗೂ ನ್ಯಾಯ ಸಲ್ಲುವುದಿಲ್ಲ.

6. ಉಪಸಂಹಾರ

1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ರಚನೆಯಲ್ಲಿ, ಮೊದಲ ವಿಧಿಯಲ್ಲಿದ್ದ ‘ಎಲ್ಲ ಪುರುಷರು’ ಎಂಬ ಅರ್ಥ ಬರುವ ಮಾತು ‘ಎಲ್ಲ ಮಾನವರು’ ಎಂದಾಗಲು ಭಾರತದ ಹಂಸಾ ಮೆಹ್ತಾ ಕಾರಣರಾದರು. 1946ರಲ್ಲಿ ಅಂಬೇಡ್ಕರರು ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪು ಜನರು ಸಲ್ಲಿಸಿದ್ದ ಮನವಿಯ ಬಗ್ಗೆ ವಿಚಾರಿಸಿದ್ದರು. ಹೀಗೆ ‘ಮಾನವ ಹಕ್ಕು’ ಎಂಬ ಮಾತಿನ ಹಿಂದೆ ಅನೇಕ ದೇಶಗಳ ಅವಮಾನಿತರ ಪರಸ್ಪರ ಅರಿವಿದೆ. ನವೆಂಬರ್ 26ರ ಸಂವಿಧಾನ ದಿನ, ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನ, ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ ಒಂದೇ ಪಕ್ಷದ ಅವಧಿಯಲ್ಲಿ ಬರುವುದರಿಂದ ಶಾಲೆ, ಕಾಲೇಜು, ತಾಲೂಕು ಕಚೇರಿಗಳಲ್ಲಿ ಇವುಗಳನ್ನು ಒಂದರ ಮುಂದುವರಿಕೆಯಾಗಿ ಇನ್ನೊಂದನ್ನು ನಡೆಸಲು ಅವಕಾಶವಿದೆ.

ಸರ್ಕಾರವೇ ಜಯಂತಿಯನ್ನು ಆಚರಿಸುತ್ತಿರುವುದು ಗಳಿಕೆಯೇ ಸರಿ. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಂವಿಧಾನ ಪೀಠಿಕೆಯ ಸಾಮೂಹಿಕ ಓದು ನಡೆದುದನ್ನೂ ಇಲ್ಲಿ ನೆನೆಯಬಹುದು. ಆದರೆ ಮಾಲಾರ್ಪಣೆ, ಗಣ್ಯರ ಭಾಷಣ, ಸೌಲಭ್ಯಗಳ ವಿತರಣೆಗೆ ಆಚರಣೆ ಸೀಮಿತಗೊಂಡಾಗ ಕೊಡುವವರು ವೇದಿಕೆಯ ಮೇಲೆ, ಪಡೆಯುವವರು ಕೆಳಗೆ ಎಂಬ ವಿನ್ಯಾಸ ಮರಳಿ ಬರುತ್ತದೆ. ಕಣದಲ್ಲಿ ಕೈಯೊಡ್ಡಿ ಪಡೆದ ಆಯದ ಹಕ್ಕಿಗೂ ವೇದಿಕೆಯ ಕೆಳಗೆ ಸರದಿಯಲ್ಲಿ ನಿಂತು ಪಡೆಯುವ ಸೌಲಭ್ಯಕ್ಕೂ ಇರುವ ಅಂತರ ಆಗ ತೆಳುವಾಗುತ್ತದೆ. ಆ ಅಂತರವನ್ನು ಉಳಿಸುವುದು ಕೇರಿಯಿಂದ ಹೊರಟು ಊರ ನಡುವೆ ಹಾಯ್ದು ಬರುವ ಮೆರವಣಿಗೆಯೇ. ಅದರ ದಾರಿ, ಹಾಡು, ಘೋಷಣೆಗಳನ್ನು ಊರೂರಿನಲ್ಲಿ ದಾಖಲಿಸುವ ಕ್ಷೇತ್ರಕಾರ್ಯವನ್ನು ಕನ್ನಡ ವಿಭಾಗಗಳು ಕೈಗೆತ್ತಿಕೊಂಡರೆ, ‘ಹಕ್ಕು’ ಎಂಬ ಒಂದು ಪದದ ಸಾಮಾಜಿಕ ಚರಿತ್ರೆಯೇ ಬೆಳಕಿಗೆ ಬಂದೀತು.