ಗಟ್ಟಿ ಕೈ, ಶುದ್ಧ ಕೈ, ಮುಚ್ಚಿದ ಕಿವಿ

ಚುನಾವಣೆ ಹತ್ತಿರ ಬಂತೆಂದರೆ ಅರಳಿಕಟ್ಟೆಯಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರೆಗೆ ಕೆಲವು ಸಿದ್ಧ ಮಾತುಗಳು ಓಡಾಡತೊಡಗುತ್ತವೆ. "ಈ ದೇಶಕ್ಕೆ ಗಟ್ಟಿ ಕೈ ಬೇಕು." "ಮನುಷ್ಯ ಕೈ ಕೊಳೆ ಮಾಡಿಕೊಂಡಿಲ್ಲ, ಅಷ್ಟು ಸಾಕು." "ಅವರು ಒಳ್ಳೆಯವರೇ, ಸುತ್ತ ಇರೋರು ಸರಿಯಿಲ್ಲ." "ಅವರಿಲ್ಲದಿದ್ರೆ ಇನ್ಯಾರಿದ್ದಾರೆ ಹೇಳಿ?" ಹೇಳುವವರು ಪೆದ್ದರಲ್ಲ. ಒಂದೊಂದು ಮಾತಿನ ಹಿಂದೆಯೂ ಯಾವುದೋ ಒಂದು ಬೇಸರ ಇದೆ, ಕಚೇರಿಗೆ ಅಲೆದು ಸವೆದ ಚಪ್ಪಲಿ ಇದೆ. ಆದರೆ ನಡೆದ ಸಂಗತಿಗಳ ಎದುರು ಇಟ್ಟು ನೋಡಿದರೆ ಈ ಮಾತುಗಳು ನಿಲ್ಲುವುದಿಲ್ಲ.

ಒಳ್ಳೆಯ ನಾಯಕನನ್ನೂ ಸಮಾಜಕ್ಕೆ ವಿಷವಾಗುವ ನಾಯಕನನ್ನೂ ಬೇರ್ಪಡಿಸಲು ನಾನು ನಂಬುವ ಪರೀಕ್ಷೆ ಒಂದೇ. ಕೆಟ್ಟ ಸುದ್ದಿ ಅವನ ಕಿವಿಗೆ ಬೀಳುತ್ತದೆಯೇ? ಅದನ್ನು ಹೇಳಿದವನ ಗತಿ ಆಮೇಲೆ ಏನಾಗುತ್ತದೆ? ಮಾತುಗಾರಿಕೆ, ಮೈಕಟ್ಟು, ಜಾತಿ, ಜೈಕಾರ ಇವೆಲ್ಲ ನಂತರದ ಮಾತು.

"ಗಟ್ಟಿ ಕೈ ಇದ್ದರೇ ಕೆಲಸ ಆಗೋದು"

ಇದಕ್ಕೆ ಸಾಕ್ಷಿಯಾಗಿ ಬರುವುದು ಸಾಮಾನ್ಯವಾಗಿ ತುರ್ತು ಪರಿಸ್ಥಿತಿ. "ಎಮರ್ಜೆನ್ಸಿ ಟೈಮಲ್ಲಿ ರೈಲು ಸರಿಯಾದ ಹೊತ್ತಿಗೆ ಬರ್ತಿತ್ತು, ಗುಮಾಸ್ತರು ಹತ್ತಕ್ಕೆಲ್ಲ ಕುರ್ಚಿಯಲ್ಲಿರ್ತಿದ್ರು" ಎನ್ನುವ ಹಿರಿಯರು ಈಗಲೂ ಸಿಗುತ್ತಾರೆ. ಕೆಲವು ರೈಲು ಬಂದಿರಬಹುದು. ಆದರೆ ಸರ್ಕಾರಕ್ಕೆ ಮುಜುಗರ ತರುವ ಸುದ್ದಿಯನ್ನು ಪತ್ರಿಕೆಗಳು ಸೆನ್ಸಾರ್ ದಾಟಿಸಿ ಅಚ್ಚು ಹಾಕುವುದು ಕಷ್ಟವಾಗಿದ್ದ ಕಾಲ ಅದು. ತಡವಾದ ರೈಲಿನ ಲೆಕ್ಕ ಇಟ್ಟವರು ಯಾರು?

ಲೆಕ್ಕ ಇಟ್ಟ ಸಂಗತಿ ಒಂದಿದೆ, ನೋಡೋಣ. 1976–77ರಲ್ಲಿ ದೇಶಾದ್ಯಂತ ಮಾಡಿಸಬೇಕಿದ್ದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳ ಗುರಿ ಸುಮಾರು 43 ಲಕ್ಷ. ಆದದ್ದು 81 ಲಕ್ಷ. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಸಾಧನೆ ಇಲ್ಲ. ಅದು ಹೇಗೆ ಆಯಿತೆಂದು ಆಮೇಲೆ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಬಿಡಿಸಿ ನೋಡಿತು. ಮೇಲಿನವರು ಒಂದು ಅಂಕಿ ಕೊಟ್ಟರೆ ರಾಜ್ಯಗಳು ತಾವಾಗಿಯೇ ಅದನ್ನು ಏರಿಸಿಕೊಂಡವು. ಜಿಲ್ಲೆಗಳು ತಾಲ್ಲೂಕಿನ ಮೇಲೆ ಹೇರಿದವು, ತಾಲ್ಲೂಕಿನವರು ಶಾಲಾ ಮೇಷ್ಟ್ರ ಮೇಲೆ. 'ಕೇಸು' ತಾರದ ಮೇಷ್ಟ್ರಿಗೆ ಸಂಬಳ ನಿಂತಿತು. ಹರಿಯಾಣದ ಉಟ್ಟಾವರ್ ಎಂಬ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಎತ್ತಿಕೊಂಡು ಹೋದರು. ಶಸ್ತ್ರಚಿಕಿತ್ಸೆಗೆ ಸಂಬಂಧಿಸಿ 1,774 ಸಾವುಗಳ ದೂರು ಆಯೋಗದ ವರದಿಯಲ್ಲಿದೆ.

ಈ ಸರಪಳಿಯಲ್ಲಿ ಎಲ್ಲಿಯಾದರೂ ಒಬ್ಬ ಅಧಿಕಾರಿ "ಇದು ಜನರಿಗೆ ಹಿಡಿಸುತ್ತಿಲ್ಲ, ನಿಲ್ಲಿಸಿ" ಎಂದಿದ್ದರೆ? ಎನ್ನುವವರ ಬಾಯಿಗೆ ಬೀಗ ಬಿದ್ದಿತ್ತು. ಎದುರು ಮಾತಾಡಬಲ್ಲ ರಾಜಕಾರಣಿಗಳು ಜೈಲಲ್ಲಿದ್ದರು, ಪತ್ರಿಕೆಗಳ ಬಾಯಿ ಕಟ್ಟಿತ್ತು. ತನ್ನ ದೇಶದಲ್ಲಿ ಏನಾಗುತ್ತಿದೆ ಎಂದು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಗೊತ್ತಾಗುವ ದಾರಿಗಳನ್ನು ಸ್ವತಃ ಅವರೇ ಮುಚ್ಚಿದ್ದರು. 1977ರ ಮಾರ್ಚಿನಲ್ಲಿ ಮತ ಎಣಿಸಿದಾಗ ಪಕ್ಷ ಮಾತ್ರವಲ್ಲ, ರಾಯ್ ಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತಿದ್ದರು. "ಸುತ್ತ ಇದ್ದವರು ಸರಿಯಿರಲಿಲ್ಲ" ಎಂದು ಆಗಲೂ ಹೇಳಿದವರಿದ್ದರು. ಸುತ್ತ ಇದ್ದವರನ್ನು ಅಲ್ಲಿ ಇಟ್ಟುಕೊಂಡವರು ಯಾರು ಎಂಬುದೇ ಉತ್ತರ.

ಕರ್ನಾಟಕದಲ್ಲಿ ಆ ಕಾಲದ ನೆನಪು ಸ್ವಲ್ಪ ಬೇರೆ ಬಣ್ಣದ್ದು, ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಉತ್ತರ ಭಾರತದಲ್ಲಿ ಕೊಚ್ಚಿಹೋದ ಕಾಂಗ್ರೆಸ್ ಇಲ್ಲಿ 28ರಲ್ಲಿ 26 ಲೋಕಸಭಾ ಸ್ಥಾನ ಗೆದ್ದಿತು. ಮರುವರ್ಷ ಚಿಕ್ಕಮಗಳೂರು ಇಂದಿರಾ ಅವರನ್ನೇ ಸಂಸತ್ತಿಗೆ ಕಳಿಸಿತು. ಮುಖ್ಯ ಕಾರಣ ಮುಖ್ಯಮಂತ್ರಿ ದೇವರಾಜ ಅರಸು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರ ಒಂದು ಅರ್ಜಿ ಹಾಕಿ ತಾನು ಉಳುವ ಜಮೀನನ್ನು ಕೇಳುವಂತಾಯಿತು. ಹಾವನೂರು ಆಯೋಗದ ವರದಿಯಿಂದ ಹಿಂದುಳಿದ ಜಾತಿಗಳ ಹುಡುಗರಿಗೆ ಓದು, ನೌಕರಿಯ ಬಾಗಿಲು ತೆರೆಯಿತು. ಹೊಟ್ಟೆಗೆ ಹಾಕಿದವರನ್ನು ಜನ ಮರೆಯಲಿಲ್ಲ. ಆದರೆ ಅದೇ ಅರಸು ಸರ್ಕಾರದ ಬೆಂಗಳೂರು ಜೈಲಿನಲ್ಲಿ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದರು. ಬಿಟ್ಟು ಕಳಿಸಿದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಹಾಗಾದರೆ ಅರಸು ಒಳ್ಳೆಯ ನಾಯಕರೋ, ಕೆಟ್ಟವರೋ? ಮನುಷ್ಯರನ್ನು ಎರಡು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವುದು ಇನ್ನೊಂದು ತಪ್ಪು ಕಲ್ಪನೆ. ಗೇಣಿದಾರನ ಮಾತಿಗೆ ಕಿವಿ ತೆರೆದಿದ್ದ ಸರ್ಕಾರವೇ ಜೈಲಿನ ಕೋಣೆಯ ಕೆಮ್ಮಿಗೆ ಕಿವುಡಾಗಿತ್ತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

"ಕೈ ಶುದ್ಧ ಇದ್ದರೆ ಸಾಕು"

ಭ್ರಷ್ಟಾಚಾರ ನೋಡಿ ನೋಡಿ ರೋಸಿದ ನಮಗೆ ಇದು ಬಹಳ ಇಷ್ಟವಾದ ಮಾತು. ಅದಕ್ಕೇ ಪಕ್ಕದ ಗೋವೆಯನ್ನು ಒಂದು ಕಾಲದಲ್ಲಿ ಆಳುತ್ತಿದ್ದ ಸಲಜಾರ್ ಅವರ ಕತೆ ಹೇಳುತ್ತೇನೆ.

ಆಂಟೋನಿಯೊ ಸಲಜಾರ್ ಪೋರ್ಚುಗಲ್ಲಿನ ಕೊಯಿಂಬ್ರ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. 1932ರಿಂದ 1968ರವರೆಗೆ ಪ್ರಧಾನಿ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ, ಆಡಂಬರ ಎಂದರೆ ಆಗದು, ಭಾಷಣದಲ್ಲಿ ಅಬ್ಬರವಿಲ್ಲ. ನಮ್ಮಲ್ಲಿದ್ದಿದ್ದರೆ ಎಷ್ಟೋ ಮನೆಗಳ ಗೋಡೆಯ ಮೇಲೆ ಅವರ ಫೋಟೊ ಇರುತ್ತಿತ್ತು. ಅವರ ಗುಪ್ತ ಪೊಲೀಸ್ ಪಡೆ ಮಾತ್ರ ವಿರೋಧಿಗಳನ್ನು ಹಿಡಿದು ಚಿತ್ರಹಿಂಸೆ ಕೊಡುತ್ತಿತ್ತು. ಗೋವಾ ವಿಮೋಚನೆಗೆ ದುಡಿದ ಟ್ರಿಸ್ಟಾವೊ ಬ್ರಗಾಂಜಾ ಕುನ್ಹಾ ಅವರನ್ನು ಸಾವಿರಾರು ಮೈಲಿ ಆಚೆ, ಪೋರ್ಚುಗಲ್ಲಿನ ಪೆನಿಷ್ ಕೋಟೆಯಲ್ಲಿ ಕೂಡಿಹಾಕಿದ್ದೂ ಅದೇ ಆಡಳಿತ.

1961ರ ಡಿಸೆಂಬರ್. ಬೆಳಗಾವಿ ಕಡೆಯಲ್ಲಿ ಭಾರತದ ಸೇನೆ ಜಮಾಯಿಸಿತ್ತು. ಗೋವೆಯ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಬಳಿ ಇದ್ದದ್ದು ಮೂರು ಸಾವಿರ ಚಿಲ್ಲರೆ ಸೈನಿಕರು, ಹಳೆಯ ಬಂದೂಕುಗಳು. ಲಿಸ್ಬನ್ನಿನಿಂದ ಸಲಜಾರ್ ಕಳಿಸಿದ ಸಂದೇಶದ ಸಾರ ಇಷ್ಟು: ಸಂಧಿ ಬೇಡ, ಸೆರೆ ಬೇಡ, ನಮ್ಮ ಸೈನಿಕರು ಗೆಲ್ಲಬೇಕು ಇಲ್ಲವೇ ಸಾಯಬೇಕು. ಗೆಲ್ಲುವಂತಿರಲಿಲ್ಲ, ಅಂದರೆ ಸಾಯಿರಿ ಎಂದು ಅರ್ಥ. ಸಿಲ್ವಾ ಆ ಆಜ್ಞೆ ಮೀರಿದರು. ಡಿಸೆಂಬರ್ 19ರಂದು ಶರಣಾಗಿ ತನ್ನ ಮೂರು ಸಾವಿರ ಜನರ ಜೀವವನ್ನೂ ಪಣಜಿಯ ಬೀದಿಗಳನ್ನೂ ಉಳಿಸಿದರು. ಊರಿಗೆ ಮರಳಿದ ಮೇಲೆ ಅವರನ್ನು ಸೇನೆಯಿಂದಲೇ ಹೊರಹಾಕಿದರು. ಮಾನ ಮರಳಿ ಸಿಕ್ಕಿದ್ದು 1974ರ ಕ್ರಾಂತಿಯ ನಂತರ.

ಇದಕ್ಕಿಂತ ವಿಚಿತ್ರವಾದದ್ದು ಮುಂದಿದೆ. 1968ರಲ್ಲಿ ಸಲಜಾರ್ ಕುರ್ಚಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು, ಮಿದುಳಿಗೆ ಆಘಾತವಾಯಿತು. ಮಾರ್ಸೆಲೊ ಕಾಯ್ತಾನೊ ಹೊಸ ಪ್ರಧಾನಿಯಾದರು. ಈ ಸುದ್ದಿಯನ್ನು ಸಲಜಾರ್‌ಗೆ ಹೇಳುವ ಧೈರ್ಯ ಮಾತ್ರ ಹತ್ತಿರದ ಯಾರಿಗೂ ಬರಲಿಲ್ಲ. 1970ರಲ್ಲಿ ಸಾಯುವವರೆಗೂ ಅವರೇ ಪ್ರಧಾನಿ ಎಂಬಂತೆ ನಾಟಕ ಆಡಿದರು. ಮಂತ್ರಿಗಳು ಬಂದು ಕೂತು ಎದ್ದು ಹೋಗುತ್ತಿದ್ದರು. ದೇಶದ ಖಜಾನೆಯಿಂದ ಬಿಡಿಗಾಸು ಮುಟ್ಟದ ಮನುಷ್ಯ ಮೂವತ್ತಾರು ವರ್ಷ ಆಳಿ ಕಟ್ಟಿಕೊಂಡ ಪರಿವಾರ ಇದು. ಶುದ್ಧ ಕೈ ಬೇಕು, ಖಂಡಿತ ಬೇಕು. ಆದರೆ ಅದೊಂದನ್ನೇ ನೋಡಿ ಮತ ಹಾಕುವುದು ಅರ್ಧ ಜಾತಕ ನೋಡಿ ಮದುವೆ ಮಾಡಿದ ಹಾಗೆ.

"ಕೆಟ್ಟ ನಾಯಕ ಅಂದರೆ ಕೂಗಾಡುವವನು"

ಸಿಡುಕು ಬೇರೆ, ವಿಷ ಬೇರೆ. ಬೈದು ಬುದ್ಧಿ ಹೇಳುವ, ಆದರೆ ತನ್ನ ತಪ್ಪು ತೋರಿಸಿದರೆ ತಿದ್ದಿಕೊಳ್ಳುವ ಹೆಡ್‌ಮಾಸ್ಟರನ್ನು ನಾವೆಲ್ಲ ಕಂಡಿದ್ದೇವೆ. ಅವರಿಂದ ಯಾರೂ ಕೆಡಲಿಲ್ಲ. ನಗುನಗುತ್ತಾ ಕತ್ತು ಹಿಸುಕುವವರದ್ದೇ ಕಷ್ಟ.

ಇದನ್ನು ನೋಡಲು ದೂರ ಹೋಗಬೇಕಿಲ್ಲ, ಸಹಕಾರ ಸಂಘವೊಂದರ ವಾರ್ಷಿಕ ಮಹಾಸಭೆಗೆ ಹೋದರೆ ಸಾಕು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಹುಟ್ಟಿದ್ದು ಎಂಬ ಹೆಮ್ಮೆ ನಮಗಿದೆ. ಸಿದ್ದನಗೌಡ ಪಾಟೀಲರು ಅದನ್ನು ಕಟ್ಟಿದ್ದು ಸದಸ್ಯರೇ ಮಾಲೀಕರು ಎಂಬ ನಂಬಿಕೆಯ ಮೇಲೆ. ಈಗಿನ ಎಷ್ಟೋ ಮಹಾಸಭೆಗಳ ಪರಿ ಹೀಗಿರುತ್ತದೆ: ಅಧ್ಯಕ್ಷರು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಕೈ ಹಿಡಿದು ಯೋಗಕ್ಷೇಮ ಕೇಳುತ್ತಾರೆ. ಕಾರ್ಯದರ್ಶಿ ಜಮಾಖರ್ಚನ್ನು ಒಂದೇ ಉಸಿರಲ್ಲಿ ಓದುತ್ತಾನೆ. "ಎಲ್ಲರ ಒಪ್ಪಿಗೆ ಇದೆಯಲ್ಲಾ?" ಎನ್ನುವುದಕ್ಕೂ ಚಪ್ಪಾಳೆ ಬೀಳುವುದಕ್ಕೂ ನಡುವೆ ಅರೆಗಳಿಗೆ ಇಲ್ಲ. ಹಿಂದಿನ ಸಾಲಿನಿಂದ ಯಾರೋ ಎದ್ದು "ಆ ಗೋದಾಮಿನ ರಿಪೇರಿ ಖರ್ಚು..." ಎಂದರೆ ಅಧ್ಯಕ್ಷರು ಬಹಳ ಪ್ರೀತಿಯಿಂದ "ನೀವು ನಮ್ಮವರೇ ಗೌಡ್ರೇ, ಊಟ ಆದಮೇಲೆ ಕೂತು ಮಾತಾಡೋಣ" ಎನ್ನುತ್ತಾರೆ. ಊಟಕ್ಕೆ ಹೋಳಿಗೆ. ಮುಂದಿನ ಹಂಗಾಮಿನಲ್ಲಿ ಆ ಗೌಡರ ಸಾಲದ ಅರ್ಜಿಗೆ ಯಾವುದೋ ಒಂದು ಕಾಗದ ಕಡಿಮೆ ಬೀಳುತ್ತದೆ. ಯಾರೂ ಕೂಗಾಡಿಲ್ಲ, ಯಾರೂ ಹೆದರಿಸಿಲ್ಲ. ಮುಂದಿನ ಸಭೆಯಲ್ಲಿ ಹಿಂದಿನ ಸಾಲಿನಿಂದ ಮಾತ್ರ ಯಾರೂ ಏಳುವುದಿಲ್ಲ.

"ಎದುರು ಮಾತಾಡಿದರೆ ಒಗ್ಗಟ್ಟು ಮುರಿಯುತ್ತದೆ"

1959ರಲ್ಲಿ ಚೀನಾದ ಲುಶಾನ್ ಬೆಟ್ಟದ ಮೇಲೆ ಕಮ್ಯುನಿಸ್ಟ್ ಪಕ್ಷದ ಸಭೆ ಸೇರಿತ್ತು. ಮಹಾ ಜಿಗಿತ ಎಂಬ ಹೆಸರಿನಲ್ಲಿ ಹಳ್ಳಿಹಳ್ಳಿಯ ಹಿತ್ತಲಲ್ಲಿ ಕುಲುಮೆ ಹೂಡಿ, ಬೆಳೆಯ ಅಂಕಿಗಳನ್ನು ಉಬ್ಬಿಸಿ ಬರೆದು, ಆ ಸುಳ್ಳು ಅಂಕಿಯ ಲೆಕ್ಕದಲ್ಲೇ ರೈತರಿಂದ ದವಸ ಎತ್ತುತ್ತಿದ್ದ ಕಾಲ. ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಇದು ಸರಿಹೋಗುತ್ತಿಲ್ಲ ಎಂದು ಮಾವೊಗೆ ಕಾಗದ ಬರೆದರು. ಪೆಂಗ್ ಹೊರಗಿನವರಲ್ಲ, ಮಾವೊ ಜೊತೆಗೇ ಯುದ್ಧ ಮಾಡಿದವರು. ಆದರೂ ಅವರನ್ನು ಪಕ್ಷವಿರೋಧಿ ಎಂದು ಕೆಳಗಿಳಿಸಿದರು. ಆಮೇಲೆ ಯಾರೂ ಕಾಗದ ಬರೆಯಲಿಲ್ಲ. ಆ ಬರಗಾಲದಲ್ಲಿ ಸತ್ತವರು ಒಂದೂವರೆ ಕೋಟಿಗೆ ಕಡಿಮೆಯಿಲ್ಲ, ಅದರ ಮೂರು ಪಟ್ಟು ಎನ್ನುವವರೂ ಇದ್ದಾರೆ. ಒಗ್ಗಟ್ಟು ಮಾತ್ರ ಮುರಿಯಲಿಲ್ಲ.

ನಮ್ಮ ಮೈಸೂರಿನ ಪ್ರಸಂಗವೊಂದನ್ನು ಇದರ ಪಕ್ಕದಲ್ಲಿ ಇಡಬಹುದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ಬಿಟ್ಟರು. ಮಹಾರಾಜರು ಹಿಂದೆ ಸರಿಯಲಿಲ್ಲ, 1921ರಲ್ಲಿ ಮೀಸಲಾತಿಯ ಆದೇಶ ಹೊರಟಿತು. ಈ ವಿಷಯದಲ್ಲಿ ಮಹಾರಾಜರದ್ದೇ ಸರಿ, ವಿಶ್ವೇಶ್ವರಯ್ಯನವರದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಮೇಲೆ ನಡೆದದ್ದನ್ನು ಗಮನಿಸಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ದಡ ಮುಟ್ಟಿಸಲು ಯಾರಾದರೂ ಬೇಕಾದಾಗ, 1923ರಲ್ಲಿ, ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ಸಿಕ್ಕಿದ್ದು ಇದೇ ವಿಶ್ವೇಶ್ವರಯ್ಯನವರಿಗೆ. ಒಪ್ಪದೆ ಎದ್ದು ಹೋದವರಿಗೆ ಮೈಸೂರಿನ ಬಾಗಿಲು ಮುಚ್ಚಿರಲಿಲ್ಲ.

"ಅವರಿಲ್ಲದಿದ್ರೆ ಇನ್ಯಾರು?"

ನಾಯಕನನ್ನು ದೇವರಂತೆ ನಂಬಿ ಎಲ್ಲವನ್ನೂ ಅವನ ಪಾದಕ್ಕೆ ಒಪ್ಪಿಸುವ ಚಾಳಿ ನಮ್ಮ ರಾಜಕೀಯಕ್ಕೆ ಅಪಾಯ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಕಾರ್ಯರೂಪಕ್ಕೆ ತಂದವರೆಂದು ನನಗೆ ಕಾಣುವುದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರದ ಊರುಗಳಲ್ಲಿ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಮಂತ್ರಿ. ಅಷ್ಟು ಹೆಸರು ಬಂದ ಮೇಲೆ ಯಾರಾದರೂ ಬೋರ್‌ವೆಲ್ ಮಂಜೂರು ಮಾಡುವ ಅಧಿಕಾರವನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಇವರು ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಕೂತು ಮಂತ್ರಿಗಳ ಅಧಿಕಾರವನ್ನೇ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಇಳಿಸುವ ಕಾನೂನು ತಂದರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು, ಕಾಲು ಭಾಗ ಸ್ಥಾನ ಹೆಂಗಸರಿಗೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಡಿ.ಸಿ.ಗಿಂತ ಹಿರಿಯ ಅಧಿಕಾರಿ. ಮೇಷ್ಟ್ರು ಶಾಲೆಗೆ ಬಂದರಾ, ಡಾಕ್ಟರು ಆಸ್ಪತ್ರೆಯಲ್ಲಿದ್ದಾರಾ ಎಂದು ಕೇಳುವವರು ಊರಲ್ಲೇ ಹುಟ್ಟಿಕೊಂಡರು. ಕೆಟ್ಟ ಸುದ್ದಿ ವಿಧಾನಸೌಧದವರೆಗೆ ಹೋಗುವ ಅಗತ್ಯವೇ ಇಲ್ಲದಂತಾಯಿತು, ಅದು ಹುಟ್ಟಿದ ಊರಿನಲ್ಲೇ ಅದಕ್ಕೊಂದು ಕಿವಿ ಇತ್ತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಪಂಚಾಯಿತಿಗಳನ್ನು ಕಡ್ಡಾಯ ಮಾಡಿದಾಗ ಅದರ ಹಿಂದೆ ಕರ್ನಾಟಕದ ಈ ಅನುಭವವೂ ಇತ್ತು. ಅವರ ಹೆಸರಿನ ಸಂಸ್ಥೆ ಮೈಸೂರಿನಲ್ಲಿ ಇಂದಿಗೂ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಿದೆ. ಆದರೆ ಅದೇ ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಈ ನಡುವೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಖಾಲಿ ಕುರ್ಚಿ ಹಾಗೇ ಉಳಿಯಿತು. ಈ ವಿಷಯದಲ್ಲಿ ಮಾತ್ರ ನಮ್ಮ ಪಕ್ಷಗಳ ನಡುವೆ ಭಿನ್ನಾಭಿಪ್ರಾಯ ಕಾಣಲಿಲ್ಲ.

ಗ್ರಾಮಸಭೆ ಇನ್ನೂ ಉಳಿದಿದೆ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು ಎನ್ನುತ್ತದೆ 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಅಧ್ಯಕ್ಷರು ನಿಮಗೆ ಬೇಕಾದವರೇ ಆಗಿದ್ದರೂ ಸರಿ, ಎದ್ದು ನಿಂತು ಅವರಿಗೆ ಹಿಡಿಸದ ಒಂದು ಪ್ರಶ್ನೆ ಕೇಳಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೇ ಎಂದು ನೋಡಿ, ಬರೆದಿಲ್ಲವಾದರೆ ಅಲ್ಲೇ ನಿಂತು ಬರೆಸಿ.