ದಿಕ್ಕಿಲ್ಲದವರೇ ಬೇಕು

ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು: ಅಡ್ವಾನ್ಸ್ ಮಾತು ಬರುವುದು ಕೊನೆಗೆ. ಅದಕ್ಕೂ ಮೊದಲು ಯಾವ ಊರು, ಯಾರ ಪೈಕಿ, ತಂದೆ ಏನು ಮಾಡ್ತಾರೆ, ಇಷ್ಟು ದಿನ ಎಲ್ಲಿದ್ರಿ, ಆ ಮನೆ ಯಾಕೆ ಬಿಟ್ರಿ ಎಂಬ ವಿಚಾರಣೆ ಮುಗಿಯಬೇಕು. ಹನುಮಂತನಗರ, ಗವಿಪುರ, ಬನಶಂಕರಿಗಳ ನಡುವೆ ಒತ್ತಾಗಿ ಬೆಳೆದ ಈ ಬಡಾವಣೆಯಲ್ಲಿ ಯಾರೂ ಬರಿಯ ಹೆಸರಾಗಿ ಉಳಿಯಲಾರರು. ಮೂಲೆ ಅಂಗಡಿಯ ಪಕ್ಕದ ಮನೆಯವರ ಅಳಿಯ, ಮೂರನೇ ಕ್ರಾಸಿನ ಮೇಷ್ಟ್ರ ಮಗ ಎಂದೇ ಗುರುತು. ಚಿತ್ರನಟ ಕಿಟ್ಟಿಯವರಂತೂ ಹೆಸರಿನ ಮುಂದೆ ಬಡಾವಣೆಯನ್ನೇ ಇಟ್ಟುಕೊಂಡು ಶ್ರೀನಗರ ಕಿಟ್ಟಿ ಎಂದೇ ಹೆಸರಾದರು.

ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲದ ಆಸಾಮಿಯೊಬ್ಬ ಬಂದು ನಿಂತರೆ? ಅವನಿಗೆ ಶ್ರೀನಗರದಲ್ಲಿ ಮನೆ ಸಿಗಲಿಕ್ಕಿಲ್ಲ. ಕೌಟಿಲ್ಯನ ಬಳಿ ಗೂಢಚಾರನ ಕೆಲಸ ಮಾತ್ರ ಖಂಡಿತ ಸಿಗುತ್ತಿತ್ತು.

ತಾನು ಯಾರೆಂಬುದು ಮರೆತುಹೋದ ಗೂಢಚಾರ ಎಂದೊಡನೆ ಇಂದಿನ ಓದುಗರಿಗೆ ನೆನಪಾಗುವವನು ಜೇಸನ್ ಬೋರ್ನ್. ಅಮೆರಿಕದ ಕಾದಂಬರಿಕಾರ ರಾಬರ್ಟ್ ಲಡ್ಲಮ್ 1980ರಲ್ಲಿ ಸೃಷ್ಟಿಸಿದ ಪಾತ್ರ ಅದು. 2002ರಿಂದ ಮ್ಯಾಟ್ ಡೇಮನ್ ಮುಖ ಹೊತ್ತು ತೆರೆಯ ಮೇಲೆ ಓಡುತ್ತಿದೆ. ಗುಂಡೇಟು ತಿಂದು ಮೆಡಿಟರೇನಿಯನ್ ಸಮುದ್ರದಲ್ಲಿ ತೇಲುತ್ತಿದ್ದವನನ್ನು ಮೀನುಗಾರರು ಎತ್ತುತ್ತಾರೆ. ಅವನಿಗೆ ಹೆಸರು ಗೊತ್ತಿಲ್ಲ, ದೇಶ ಗೊತ್ತಿಲ್ಲ. ಸೊಂಟದ ಚರ್ಮದಡಿ ಹುದುಗಿಸಿಟ್ಟಿದ್ದ ಜೂರಿಕ್ ಬ್ಯಾಂಕಿನ ಖಾತೆಯ ಸಂಖ್ಯೆಯೊಂದೇ ಅವನ ಆಸ್ತಿ. ಹುಡುಕುತ್ತ ಹೋದಂತೆ ಭಯ ಹೆಚ್ಚುತ್ತದೆ. ಕೈ ತಾನಾಗಿ ಪಿಸ್ತೂಲು ಬಿಚ್ಚಿ ಜೋಡಿಸುತ್ತದೆ, ಕಣ್ಣು ತಾನಾಗಿ ಹೊರದಾರಿಗಳನ್ನು ಎಣಿಸುತ್ತದೆ. ಮರೆತದ್ದು ಸಿಗದಿದ್ದರೆ ಒಂದು ಸಂಕಟ, ಸಿಕ್ಕಿ ತಾನು ಕೊಲೆಗಾರನೆಂದು ತಿಳಿದರೆ ಇನ್ನೊಂದು.

ಬೋರ್ನ್ ಎಂಬ ಹೆಸರಿನ ನಿಜಮನುಷ್ಯನೊಬ್ಬನ ಕಥೆಯೂ ಇದೆ. ಆನ್ಸೆಲ್ ಬೋರ್ನ್ ಅಮೆರಿಕದ ರೋಡ್ ಐಲೆಂಡಿನ ಧರ್ಮಪ್ರಚಾರಕ. 1887ರ ಜನವರಿಯಲ್ಲಿ ಬ್ಯಾಂಕಿನಿಂದ ಹಣ ತೆಗೆದುಕೊಂಡು ಹೋದವನು ನಾಪತ್ತೆಯಾದ. ಪೆನ್ಸಿಲ್ವೇನಿಯದ ನಾರಿಸ್‌ಟೌನಿನಲ್ಲಿ ಎ.ಜೆ. ಬ್ರೌನ್ ಎಂಬ ಹೆಸರಿನಲ್ಲಿ ಪುಟ್ಟ ಅಂಗಡಿ ಇಟ್ಟು ಮಿಠಾಯಿ, ಕಾಗದ ಮಾರುತ್ತಿದ್ದ. ಮಾರ್ಚ್ ನಡುವಿನ ಒಂದು ಬೆಳಿಗ್ಗೆ ಎದ್ದು, ನಾನೆಲ್ಲಿದ್ದೇನೆ ಎಂದು ಬೆಚ್ಚಿ ಕೇಳಿದ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಅವನನ್ನು ಸಂಮೋಹನಕ್ಕೆ ಒಳಪಡಿಸಿದಾಗ ಒಳಗಿದ್ದ ಬ್ರೌನ್ ಮತ್ತೆ ಮಾತಾಡಿದ. ಅವನದು ಕಾಯಿಲೆ. ಯಾರೂ ಅವನಿಂದ ಹೆಸರನ್ನು ಕಿತ್ತುಕೊಂಡಿರಲಿಲ್ಲ.

ಗೂಢಚಾರನ ಮಾತು ಬೇರೆ, ಅವನ ಗುರುತನ್ನು ಸಂಬಳ ಕೊಡುವವರೇ ತೆಗೆದುಕೊಂಡಿರುತ್ತಾರೆ. ಇದಕ್ಕೆ ನಮ್ಮಲ್ಲಿರುವ ಹಳೆಯ ದಾಖಲೆ ಸಿಕ್ಕಿದ್ದು ಮೈಸೂರಿನಲ್ಲಿ.

1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಗ್ರಂಥಲಿಪಿಯ ತಾಳೆಗರಿ ಕಟ್ಟೊಂದನ್ನು ತಂದುಕೊಟ್ಟರು. ಅದನ್ನು ಬಿಚ್ಚಿ ಓದಿದವರು ಗ್ರಂಥಪಾಲಕ ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಹೆಸರಷ್ಟೇ ಉಳಿದು ಪಠ್ಯ ಕಳೆದುಹೋಗಿದೆ ಎಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ ಅದಾಗಿತ್ತು. ಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆಮೇಲೆ ಲೋಕವೆಲ್ಲ ಅದರಲ್ಲಿ ತೆರಿಗೆಯನ್ನು, ಆಡಳಿತವನ್ನು, ಮಂಡಲ ಸಿದ್ಧಾಂತವನ್ನು ಹುಡುಕಿತು. ನನಗೆ ಮೊದಲ ಅಧಿಕರಣದ 11 ಮತ್ತು 12ನೇ ಅಧ್ಯಾಯಗಳೇ ಸಾಕು. ಗೂಢಚಾರರ ನೇಮಕಾತಿ ನಿಯಮಗಳು ಅಲ್ಲಿವೆ.

ಒಂದೇ ಕಡೆ ಕೂತು ಕೆಲಸ ಮಾಡುವವರು ಐದು ಬಗೆ. ಪರರ ಗುಟ್ಟು ಬಲ್ಲ ವಿದ್ಯಾರ್ಥಿ, ಸನ್ಯಾಸ ಬಿಟ್ಟುಬಂದವನು, ಕಸುಬು ಸೋತ ರೈತ, ವ್ಯಾಪಾರ ಮುಳುಗಿದ ವರ್ತಕ, ಜೀವನೋಪಾಯಕ್ಕಾಗಿ ತಲೆ ಬೋಳಿಸಿದ ಅಥವಾ ಜಡೆ ಬಿಟ್ಟ ತಪಸ್ವಿ. ಈ ತಪಸ್ವಿ ಊರಾಚೆ ಶಿಷ್ಯರ ಹಿಂಡು ಕಟ್ಟಿಕೊಂಡು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಿಡಿ ಸೊಪ್ಪು ತಿನ್ನುವುದನ್ನು ಜನರೆದುರು ತೋರಿಸಬೇಕು. ಗುಟ್ಟಾಗಿ ಬೇಕಾದ್ದನ್ನು ಉಣ್ಣಬಹುದು. ಕೌಟಿಲ್ಯನಿಗೆ ಹಾಸ್ಯಪ್ರಜ್ಞೆ ಇರಲಿಲ್ಲ ಎನ್ನುವವರು ಈ ಭಾಗ ಓದಿಲ್ಲ. ನಗು ತಡೆದು ನೋಡಿದರೆ ಕಾಣುವುದು ಇನ್ನೊಂದು: ಸೋತ ರೈತ, ಮುಳುಗಿದ ವ್ಯಾಪಾರಿ. ದಾರಿ ಮುಚ್ಚಿದವನ ಮನೆ ಬಾಗಿಲಿಗೇ ರಾಜ್ಯ ಹೋಗುತ್ತದೆ.

ಓಡಾಡಿ ಕೆಲಸ ಮಾಡುವವರದು ಇನ್ನೂ ಕಠಿಣ. ಅವರಲ್ಲಿ ಸತ್ರಿ ಎಂಬವನು ನಮ್ಮ ಕಥಾನಾಯಕ. ಬಂಧುಬಳಗವಿಲ್ಲದ, ರಾಜ್ಯವೇ ಸಾಕಬೇಕಾದ ಅನಾಥರನ್ನು ಆರಿಸಿ ಶಕುನ, ಅಂಗಲಕ್ಷಣ, ಇಂದ್ರಜಾಲ, ಜನರೊಡನೆ ಬೆರೆಯುವ ಕಲೆ ಇವನ್ನೆಲ್ಲ ಕಲಿಸಿ ಸತ್ರಿಗಳನ್ನಾಗಿ ಮಾಡಬೇಕು ಎನ್ನುತ್ತದೆ ಗ್ರಂಥ. ತೀಕ್ಷ್ಣ ಎಂಬವನು ಹಣಕ್ಕಾಗಿ ಜೀವದ ಹಂಗು ತೊರೆದು ಆನೆ, ಹುಲಿಗಳೊಡನೆ ಸೆಣಸುವ ಧೈರ್ಯಗಾರ. ರಸದ, ಎಂದರೆ ವಿಷ ಹಾಕುವವನು. ಬಂಧುಗಳ ಮೇಲೆ ಮಮತೆಯಿಲ್ಲದ ಕ್ರೂರಿ, ಸೋಮಾರಿ ಆಗಿರಬೇಕು. ಎರಡೂ ಕಡೆ ಸಂಬಳ ಪಡೆಯುವ ಉಭಯವೇತನನನ್ನು ಶತ್ರುವಿನ ಮನೆಗೆ ಕಳಿಸುವ ಮೊದಲು ಅವನ ಹೆಂಡತಿ ಮಕ್ಕಳನ್ನು ರಾಜ ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು. ಬಂಧುಗಳು ಇರದವನಿಗೆ ಒಂದು ಕೆಲಸ, ಇರುವವನಿಗೆ ಇನ್ನೊಂದು. ಎರಡರಲ್ಲೂ ಸಂಬಂಧಗಳ ಕೀಲಿ ರಾಜನ ಕೈಯಲ್ಲೇ.

ಇವರು ಯಾರೂ ಒಬ್ಬರನ್ನೊಬ್ಬರು ಅರಿಯಕೂಡದು. ಮೂವರ ವರದಿ ತಾಳೆಯಾದರೆ ನಂಬಬೇಕು. ಮತ್ತೆ ಮತ್ತೆ ತಪ್ಪಿದವನಿಗೆ ಸದ್ದಿಲ್ಲದ ಶಿಕ್ಷೆ, ಇಲ್ಲವೇ ಕೆಲಸದಿಂದ ವಜಾ. ಸಂಬಳದ ಪಟ್ಟಿಯಲ್ಲಿ ಮಂತ್ರಿ, ಪುರೋಹಿತರಿಗೆ 48,000 ಪಣ. ಸತ್ರಿ, ತೀಕ್ಷ್ಣ, ರಸದರಿಗೆ 500. ಲಡ್ಲಮ್ ಕಾದಂಬರಿಯಲ್ಲಿ ನ್ಯೂಯಾರ್ಕಿನ 71ನೇ ಬೀದಿಯ ಮನೆಯೊಂದರಲ್ಲಿ ನಡೆಯುವ ಟ್ರೆಡ್‌ಸ್ಟೋನ್ ಎಂಬ ಗುಪ್ತ ಸಂಸ್ಥೆ ತಾನೇ ತಯಾರಿಸಿದ ಮನುಷ್ಯನನ್ನು ಮುಗಿಸಲು ಹೊರಡುವಾಗ ಓದುಗರು ಬೆಚ್ಚುತ್ತಾರೆ. ಅದು ಮೈಸೂರಿನ ತಾಳೆಗರಿಯಲ್ಲಿ ಸಾಮಾನ್ಯ ಕಚೇರಿ ಆದೇಶದ ಧಾಟಿಯಲ್ಲಿದೆ.

ನಿಯಮ ಬರೆದವನಿಗೆ ಆ ನಿಯಮದಡಿ ಬದುಕಿದವನ ಮನಸ್ಸು ಬೇಕಿರಲಿಲ್ಲ. ಅದು ಬೇಕಾದದ್ದು ನಾಟಕಕಾರ ವಿಶಾಖದತ್ತನಿಗೆ. ಕೌಟಿಲ್ಯನೇ ಚಾಣಕ್ಯನಾಗಿ ಬರುವ ಅವನ ‘ಮುದ್ರಾರಾಕ್ಷಸ’ದಲ್ಲಿ ಯುದ್ಧವೇ ನಡೆಯುವುದಿಲ್ಲ, ಎಲ್ಲವೂ ವೇಷದವರ ಕೆಲಸ. ಯಮಪಟ ತೋರಿಸುತ್ತ ಹಾಡಿಕೊಂಡು ಬರುವ ಚಾಣಕ್ಯನ ಚರನೊಬ್ಬ ರತ್ನವ್ಯಾಪಾರಿ ಚಂದನದಾಸನ ಮನೆ ಹೊಗುತ್ತಾನೆ. ಒಳಗಿನಿಂದ ಐದು ವರ್ಷದ ಮಗು ಕುತೂಹಲಕ್ಕೆ ಹೊರಗೋಡಿ ಬರುತ್ತದೆ. ಅದನ್ನು ಒಳಗೆಳೆಯಲು ಚಾಚಿದ ಹೆಣ್ಣಿನ ಕೈಯಿಂದ ಉಂಗುರ ಜಾರಿ ಉರುಳಿ ಚರನ ಕಾಲ ಬಳಿ ನಿಲ್ಲುತ್ತದೆ. ಅದು ಚಾಣಕ್ಯನ ಎದುರಾಳಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ. ಒಂದು ಮಗುವಿನ ಕುತೂಹಲಕ್ಕೆ ಒಂದು ಪಕ್ಷ ಮಗುಚಿಬೀಳುತ್ತದೆ. ಕ್ಷಪಣಕನ ವೇಷದ ಜೀವಸಿದ್ಧಿ ರಾಕ್ಷಸನ ಆಪ್ತಮಿತ್ರನೇ ಆಗಿಬಿಟ್ಟಿರುತ್ತಾನೆ. ಅವನು ಚಾಣಕ್ಯನ ಕಡೆಯವನೆಂದು ತಿಳಿದಾಗ, ಶತ್ರು ನನ್ನ ಹೃದಯವನ್ನೇ ಗೆದ್ದುಕೊಂಡನಲ್ಲ ಎಂಬಂತೆ ರಾಕ್ಷಸ ಕುಸಿಯುತ್ತಾನೆ.

ನನ್ನನ್ನು ಕಾಡುವವನು ಮಾತ್ರ ಭಾಗುರಾಯಣ. ಚಾಣಕ್ಯನ ಆಣತಿಯಂತೆ ಅವನು ಪಕ್ಷ ಬಿಟ್ಟುಬಂದವನಂತೆ ನಟಿಸಿ ಪರ್ವತರಾಜನ ಮಗ ಮಲಯಕೇತುವಿನ ಬಲಗೈಯಾಗುತ್ತಾನೆ. ಆ ಹುಡುಗ ಇವನನ್ನು ನಿಜವಾಗಿ ಪ್ರೀತಿಸುತ್ತಾನೆ. ಐದನೇ ಅಂಕದಲ್ಲಿ, ಬಲೆ ಬಿಗಿಯುವ ಹೊತ್ತಿಗೆ, ಇಷ್ಟು ನಂಬಿದವನಿಗೆ ಮೋಸ ಮಾಡುವುದು ಎಷ್ಟು ಕಷ್ಟ ಎಂದು ಭಾಗುರಾಯಣ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಮರುಗಳಿಗೆಯೇ ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಾನೆ: ಕುಲ, ನಾಚಿಕೆ, ಹೆಸರು, ಮಾನ ಎಲ್ಲಕ್ಕೂ ಬೆನ್ನು ತಿರುಗಿಸಿ, ನಾಲ್ಕು ಕಾಸಿಗೆ ದೇಹ ಮಾರಿಕೊಂಡ ಪರಾಧೀನ ಈಗ ಸರಿತಪ್ಪು ವಿಚಾರ ಮಾಡಿ ಏನು ಪ್ರಯೋಜನ ಎಂಬ ಅರ್ಥದ ಮಾತು ಅದು. ಅವನ ನೆನಪು ಎಲ್ಲೂ ಕಳೆದಿಲ್ಲ, ತಾನು ಯಾರೆಂದು ಚೆನ್ನಾಗಿ ಗೊತ್ತು. ಆದರೂ ಅದಕ್ಕೆ ವಾರಸುದಾರ ತಾನಲ್ಲ ಎಂಬುದೂ ಗೊತ್ತು. 2007ರ ‘ಬೋರ್ನ್ ಅಲ್ಟಿಮೇಟಮ್’ ಚಿತ್ರದ ಕೊನೆಗೆ, ಈ ಕೆಲಸಕ್ಕೆ ತಾನೇ ಒಪ್ಪಿ ಬಂದವನು ಎಂದು ಬೋರ್ನ್‌ಗೆ ತಿಳಿಯುವುದೂ ಇದೇ ಏಟು.

ನಾಟಕದ ಕೊನೆಯಲ್ಲಿ ರಾಕ್ಷಸನಿಗೆ ಮಂತ್ರಿಪದವಿ, ಚಂದನದಾಸನಿಗೆ ಶ್ರೇಷ್ಠಿಪದವಿ, ಮಲಯಕೇತುವಿಗೆ ಅಪ್ಪನ ರಾಜ್ಯ, ಚಾಣಕ್ಯನಿಗೆ ಶಿಖೆ ಕಟ್ಟುವ ಭಾಗ್ಯ. ಭಾಗುರಾಯಣನ ಹೆಸರು ಕೇಳಿಸುವುದು, ಮಲಯಕೇತುವಿನ ಕೈಕಾಲು ಕಟ್ಟಿ ತಂದವರ ಪಟ್ಟಿಯಲ್ಲಿ.

ಕನ್ನಡಕ್ಕೆ ಈ ಕಥೆ ತಡವಾಗಿ ಬಂದದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಂಪುನಾರಾಯಣ 1823ರಲ್ಲೇ ‘ಮುದ್ರಾಮಂಜೂಷ’ ಎಂಬ ಗದ್ಯಕೃತಿಯಲ್ಲಿ ಇದನ್ನು ಹೇಳಿದ. ಹೊಸಗನ್ನಡ ಗದ್ಯಕಥನದ ಹೊಸ್ತಿಲಲ್ಲೇ ಗೂಢಚಾರರ ದಂಡು ನಿಂತಿದೆ ಎನ್ನಬಹುದು. ಮುಂದೆ ನಾವು ಆ ಹೊಸ್ತಿಲು ದಾಟಿ ಬೇರೆ ಕೋಣೆಗೆ ಹೋದೆವು.

ನಾಲ್ಕನೇ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಒಂದು ತಲೆಮಾರಿಗೆ ಓದಿನ ಹುಚ್ಚು ಹಿಡಿಸಿದವನು. ತೆರೆಯ ಮೇಲೆ 1968ರಲ್ಲಿ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು. ಲೋಹವನ್ನು ಚಿನ್ನ ಮಾಡುವ ಸೂತ್ರದ ಬೆನ್ನು ಹತ್ತಿದ ಸಿಐಡಿ 999 ಪ್ರಕಾಶನಾಗಿ ರಾಜ್‌ಕುಮಾರ್. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಮುತ್ತುರಾಜು ಎಂಬ ಮನುಷ್ಯ ರಾಜ್‌ಕುಮಾರ್ ಆಗಿ, ರಾಜ್‌ಕುಮಾರ್ ಪ್ರಕಾಶನಾಗಿ, ಪ್ರಕಾಶ ಒಂದು ಸಂಖ್ಯೆಯಾಗಿ ನಿಂತರೂ ಆ ಚಿತ್ರಗಳಲ್ಲಿ ‘ನಾನ್ಯಾರು’ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅವನು ಸರ್ಕಾರದವನು, ಸರ್ಕಾರ ನಮ್ಮದು, ಮುಗಿಯಿತು. 1962 ಮತ್ತು 1965ರ ಯುದ್ಧಗಳನ್ನು ಕಂಡು ಬಂದ ಪ್ರೇಕ್ಷಕರಿಗೆ ಆ ಭರವಸೆ ಬೇಕಿತ್ತು. ಅದನ್ನು ಕೊಟ್ಟದ್ದಕ್ಕೆ ನಾನು ದೂರುವುದಿಲ್ಲ. ನಮ್ಮ ಪತ್ತೇದಾರ ವೇಷ ಹಾಕಿದ, ಕಳಚಿದ. ವೇಷ ಚರ್ಮಕ್ಕೆ ಅಂಟಿಕೊಂಡರೆ ಏನಾಗುತ್ತದೆಂದು ಮಾತ್ರ ಯೋಚಿಸಲಿಲ್ಲ.

ಆ ಯೋಚನೆ ಕನ್ನಡದಲ್ಲಿ ಇರಲೇ ಇಲ್ಲವೇ? ಇತ್ತು, ಕರ್ಣನಲ್ಲಿ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮವರು ಮತ್ತೆ ಮತ್ತೆ ಮರಳಿದ್ದು ಆ ಘಳಿಗೆಗೆ: ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಒಬ್ಬನನ್ನೇ ಕರೆದು, ನೀನು ಕುಂತಿಯ ಮಗ ಎನ್ನುತ್ತಾನೆ. ಈ ಸತ್ಯ ಇಷ್ಟು ವರ್ಷ ಎಲ್ಲಿತ್ತು? ಬೇರೆಯವರ ಬಳಿ ಭದ್ರವಾಗಿತ್ತು. ಯುದ್ಧದ ಹೊಸ್ತಿಲಲ್ಲಿ ಉಪಯೋಗಕ್ಕೆ ಬಂತು, ಹೊರಗೆ ಬಂತು. ಸಾಮ ದಾನ ಭೇದ ದಂಡಗಳಲ್ಲಿ ಇದು ಅಪ್ಪಟ ಭೇದ. ಕರ್ಣನಿಗೆ ಗುರುತು ಸಿಕ್ಕಿದ್ದು ನಿಜ, ಕೈಕಟ್ಟುವ ಹಗ್ಗವಾಗಿ ಸಿಕ್ಕಿತು. ಇದನ್ನು ಇಷ್ಟು ಚೆನ್ನಾಗಿ ಬಲ್ಲ ಭಾಷೆ ತನ್ನ ಗೂಢಚಾರನನ್ನು ಏಕೆ ಇಷ್ಟು ಸುಲಭದಲ್ಲಿ ಬಿಟ್ಟುಕೊಟ್ಟಿತು ಎಂಬುದೇ ನನ್ನ ತಕರಾರು.

ಎಚ್‌ಎಎಲ್, ಇಸ್ರೊ, ಡಿಆರ್‌ಡಿಒಗಳ ಈ ಬೆಂಗಳೂರಿನಲ್ಲಿ ಕಚೇರಿಯ ವಿಷಯ ಮನೆಯಲ್ಲಿ ಆಡದೆಯೇ ನಿವೃತ್ತರಾದ ಅಪ್ಪಂದಿರು ದಕ್ಷಿಣದ ಬಡಾವಣೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ಗೂಢಚಾರರಲ್ಲ, ಆದರೆ ಆಡದ ಮಾತು ಮನುಷ್ಯನಿಗೆ ಏನು ಮಾಡುತ್ತದೆಂದು ಬಲ್ಲವರು. ಕಾದಂಬರಿ ಬರೆಯುವವರಿಗೆ ಜೂರಿಕ್ ಬ್ಯಾಂಕಿನ ಅಗತ್ಯವಿಲ್ಲ.

ಕಾದಂಬರಿಗೆ ಕಾಲ ಬೇಕು, ನಾಟಕಕ್ಕೆ ಅಷ್ಟು ಬೇಡ. ಶ್ರೀನಗರದಿಂದ ನಡೆದೇ ಹೋಗಬಹುದಾದ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಹವ್ಯಾಸಿ ತಂಡಗಳು ಹಳೆಯ ನಾಟಕಗಳನ್ನು ಹೊಸದಾಗಿ ಕಟ್ಟುತ್ತಲೇ ಇರುತ್ತವೆ. ‘ಮುದ್ರಾರಾಕ್ಷಸ’ವನ್ನು ಕೈಗೆತ್ತಿಕೊಳ್ಳುವವರು ಯಾರೇ ಆಗಲಿ, ಈ ಸಲ ಐದನೇ ಅಂಕವನ್ನು ನಾಟಕದ ನಡುಮನೆ ಮಾಡಿಕೊಳ್ಳಿ. ಚಾಣಕ್ಯನಿಗೂ ರಾಕ್ಷಸನಿಗೂ ಬೇಕಾದಷ್ಟು ಮಾತು ಈಗಾಗಲೇ ಸಿಕ್ಕಿದೆ. ನಿಮ್ಮ ತಂಡದ ಅತ್ಯುತ್ತಮ ನಟನನ್ನು ಭಾಗುರಾಯಣನ ಪಾತ್ರಕ್ಕೆ ಕೊಡಿ.