ವಂಶಾವಳಿಯನ್ನು ಪರೀಕ್ಷಿಸುವ ಬಗೆ

ನಿಮ್ಮ ಮುತ್ತಜ್ಜನ ತಂದೆಯ ಹೆಸರೇನು? ಈ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ವಿರಳ. ಆದರೆ ಉತ್ತರ ಕರ್ನಾಟಕದ ಅನೇಕ ಒಕ್ಕಲು ಮನೆತನಗಳ ಪರವಾಗಿ ಈ ಉತ್ತರವನ್ನು ಕಾಪಾಡಿಕೊಂಡು ಬಂದವರು ಬೇರೆಯೇ ಇದ್ದಾರೆ, ಅವರೇ ಹೆಳವರು. ಸುಗ್ಗಿ ಮುಗಿದು ರಾಶಿ ಮನೆ ಸೇರಿದ ಮೇಲೆ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಮನೆಯ ಮುಂದೆ ನಿಂತು ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಈಚೆಗೆ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆಗಳನ್ನು ಪಡೆದು ಮುಂದಿನ ಊರಿಗೆ ಹೋಗುವುದು ಅವರ ಪರಂಪರಾಗತ ವೃತ್ತಿ. ಕೇಳಿದವರಿಗೆ ಆನಂದವಾಗುತ್ತದೆ, ಹೆಮ್ಮೆಯೂ ಆಗುತ್ತದೆ. ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು: ಹತ್ತು, ಹದಿನೈದು ತಲೆಮಾರುಗಳ ಹೆಸರಿನ ಪಟ್ಟಿಯೊಂದು ನಮ್ಮ ಮುಂದೆ ಬಂದಾಗ, ಅದು ನಿಜವೋ ಕಲ್ಪಿತವೋ ಎಂದು ತಿಳಿಯುವುದು ಹೇಗೆ?

ಒಕ್ಕಲು ಮನೆತನದ ಪಟ್ಟಿಯನ್ನು ಪರೀಕ್ಷಿಸಲು ಸಾಧನಗಳು ಕಡಿಮೆ. ರಾಜಮನೆತನದ ವಿಷಯ ಹಾಗಲ್ಲ. ಅವರು ದಾನ ಕೊಟ್ಟಾಗಲೆಲ್ಲ ಕಲ್ಲಿನ ಮೇಲೆ, ತಾಮ್ರದ ತಗಡಿನ ಮೇಲೆ ತಮ್ಮ ಹಿರಿಯರನ್ನು ಹೆಸರಿಸಿದ್ದಾರೆ. ಗದಗ ಜಿಲ್ಲೆಯ ಯಳವತ್ತಿ, ಲಕ್ಷ್ಮೇಶ್ವರಗಳ ಸುತ್ತಿನ ಈ ಸೀಮೆಯು ಹಿಂದೆ ಪುಲಿಗೆರೆ ಮುನ್ನೂರು ಎನಿಸಿದ್ದಿತು. ಇದನ್ನು ಬಹುಕಾಲ ಆಳಿದ ಚಾಲುಕ್ಯರ ವಂಶಾವಳಿಯೇ ನಮ್ಮ ಪರೀಕ್ಷೆಗೆ ತಕ್ಕ ಉದಾಹರಣೆ.

ಚಾಲುಕ್ಯರಲ್ಲಿ ಬಾದಾಮಿಯವರು ಮೊದಲಿಗರು, ಕಲ್ಯಾಣದವರು ಬಳಿಕದವರು. ಬಾದಾಮಿಯ ಕೊನೆಯ ಅರಸನಾದ ಎರಡನೆಯ ಕೀರ್ತಿವರ್ಮನನ್ನು ರಾಷ್ಟ್ರಕೂಟ ದಂತಿದುರ್ಗನು ಕ್ರಿ. ಶ. 753ರ ವೇಳೆಗೆ ಸೋಲಿಸಿದನು. ಅಲ್ಲಿಂದ ಸುಮಾರು 220 ವರ್ಷಗಳ ಮೇಲೆ, ಕ್ರಿ. ಶ. 973ರಲ್ಲಿ, ಎರಡನೆಯ ತೈಲಪನು ರಾಷ್ಟ್ರಕೂಟರನ್ನು ಉರುಳಿಸಿ ಚಾಲುಕ್ಯರ ಹೆಸರಿನಲ್ಲಿ ಮತ್ತೆ ರಾಜ್ಯ ಕಟ್ಟಿದನು. ಈ ತೈಲಪನು ನಿಜವಾಗಿಯೂ ಬಾದಾಮಿಯವರ ರಕ್ತಸಂಬಂಧಿಯೆ, ಅಥವಾ ಗೆದ್ದ ಮೇಲೆ ದೊಡ್ಡ ಮನೆತನದ ಹೆಸರನ್ನು ಧರಿಸಿದವನೆ? ಒಂದು ಸಿಂಹಾಸನದ ಹಕ್ಕೇ ಈ ಪ್ರಶ್ನೆಯನ್ನು ಅವಲಂಬಿಸಿತ್ತು.

ತೈಲಪನ ವಂಶಜರು ಉತ್ತರವನ್ನು ಬರೆದಿಟ್ಟಿದ್ದಾರೆ. ಐದನೆಯ ವಿಕ್ರಮಾದಿತ್ಯನ ಕೌಥೆಂ ತಾಮ್ರಶಾಸನವು ಶಕ 930ರದು, ಎಂದರೆ ಸುಮಾರು ಕ್ರಿ. ಶ. 1009. ಇದನ್ನು ಶಾಸನತಜ್ಞ ಜೆ. ಎಫ್. ಫ್ಲೀಟರು 1887ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಈ ವಂಶದ 59 ಅರಸರು ಅಯೋಧ್ಯೆಯಲ್ಲಿ ಆಳಿದರು. ಬಳಿಕ 16 ಮಂದಿ ದಕ್ಷಿಣಾಪಥದಲ್ಲಿ ಆಳಿದರು. ಆಮೇಲೆ ಜಯಸಿಂಹನಿಂದ ತೊಡಗಿ ಬಾದಾಮಿಯ ಅರಸರು. ಬಾದಾಮಿಯ ಎರಡನೆಯ ವಿಕ್ರಮಾದಿತ್ಯನಿಗೆ ಭೀಮನೆಂಬ ತಮ್ಮನಿದ್ದನು. ಅವನ ಮಗ ಕೀರ್ತಿವರ್ಮ, ಅವನ ಮಗ ತೈಲ, ಅವನ ಮಗ ವಿಕ್ರಮಾದಿತ್ಯ, ಅವನ ಮಗ ಭೀಮ, ಅವನ ಮಗ ಅಯ್ಯಣ, ಅವನ ಮಗ ವಿಕ್ರಮಾದಿತ್ಯ, ಅವನ ಮಗನೇ ರಾಜ್ಯ ಕಟ್ಟಿದ ತೈಲಪ. ಸರಪಳಿ ಎಲ್ಲಿಯೂ ಕಡಿದಿಲ್ಲ. ಆದರೆ ಕಡಿಯದ ಸರಪಳಿಯೆಂಬ ಮಾತ್ರಕ್ಕೆ ಪ್ರತಿಯೊಂದು ಕೊಂಡಿಯೂ ಗಟ್ಟಿಯೆಂದಾಗುವುದಿಲ್ಲ. ಒಂದೊಂದನ್ನೂ ಎಳೆದು ನೋಡೋಣ.

ಮೊದಲು ಹಳೆಯ ಭಾಗ. ಮಹಾಕೂಟದ ಕಂಬದ ಶಾಸನವು ಮಂಗಳೇಶನ ಕಾಲದ್ದು, ಏಳನೆಯ ಶತಮಾನದ ಆರಂಭದ್ದು. ಅದು ಜಯಸಿಂಹ, ರಣರಾಗ, ಪುಲಕೇಶಿ, ಕೀರ್ತಿವರ್ಮ, ಮಂಗಳೇಶ ಎಂಬ ಕ್ರಮವನ್ನು ಕೊಡುತ್ತದೆ. ಕ್ರಿ. ಶ. 634ರಲ್ಲಿ ರವಿಕೀರ್ತಿ ರಚಿಸಿದ ಐಹೊಳೆಯ ಶಾಸನವೂ ಇದೇ ಕ್ರಮವನ್ನು ಹೇಳುತ್ತದೆ. ಮಂಗಳೇಶನನ್ನು ತೊಲಗಿಸಿ ಪಟ್ಟವೇರಿದವನು ಎರಡನೆಯ ಪುಲಕೇಶಿ. ಐಹೊಳೆಯ ಶಾಸನವು ಅವನ ಪ್ರಶಸ್ತಿ. ವಿರೋಧಿಗಳಾದ ಇಬ್ಬರ ಬರಹಗಳು ಹಿರಿಯರ ವಿಷಯದಲ್ಲಿ ಒಂದೇ ಮಾತನ್ನಾಡಿದರೆ ಆ ಮಾತಿಗೆ ಬೆಲೆ ಹೆಚ್ಚು. ಇದಕ್ಕೂ ಹಿಂದಿನ ಅಯೋಧ್ಯೆಯ 59 ಮಂದಿಯಾದರೋ, ಬಾದಾಮಿಯವರ ಸ್ವಂತ ಶಾಸನಗಳಲ್ಲಿ ಅವರ ಸುಳಿವೇ ಇಲ್ಲ. ಮನೆತನದ ಕಾಲಕ್ಕೆ ಹತ್ತಿರವಿದ್ದವರು ಅರಿಯದ ಪೂರ್ವಜರನ್ನು ನಾಲ್ಕು ನೂರು ವರ್ಷಗಳ ಮೇಲಿನವರು ಅರಿತಿದ್ದಾರೆಂದರೆ ನಂಬುವುದು ಕಷ್ಟ. ಅವರನ್ನು ಬಿಟ್ಟುಬಿಡೋಣ.

ಮುಂದೆ ಹೋದರೆ ಒಂದು ವಿಚಿತ್ರ ಎದುರಾಗುತ್ತದೆ. ಕೌಥೆಂ ಶಾಸನವು ಎರಡನೆಯ ಪುಲಕೇಶಿಯ ಮಗ ನೆಡಮರಿ, ಅವನ ಮಗ ಆದಿತ್ಯವರ್ಮ, ಅವನ ಮಗ ಒಂದನೆಯ ವಿಕ್ರಮಾದಿತ್ಯ ಎನ್ನುತ್ತದೆ. ಆದರೆ ವಿಕ್ರಮಾದಿತ್ಯನ ಸ್ವಂತ ತಾಮ್ರಶಾಸನಗಳು ಅವನನ್ನು ಪುಲಕೇಶಿಯ ಪ್ರಿಯಪುತ್ರನೆಂದು ನೇರವಾಗಿ ಹೇಳುತ್ತವೆ. ಕಾಲಗಣನೆಯೂ ಇದಕ್ಕೆ ಸಾಕ್ಷಿ: ಪುಲಕೇಶಿ ಪಟ್ಟವೇರಿದ್ದು ಕ್ರಿ. ಶ. 610ರ ಸುಮಾರಿನಲ್ಲಿ, ವಿಕ್ರಮಾದಿತ್ಯನು 655ರಲ್ಲಿ. ಈ 45 ವರ್ಷಗಳಲ್ಲಿ ಮೂರು ತಲೆಮಾರುಗಳು ಕಳೆದುವೆಂದರೆ ಒಂದಕ್ಕೆ 15 ವರ್ಷ ಮಾತ್ರ ಬಂದಿತು! ಹಾಗಾದರೆ ಆದಿತ್ಯವರ್ಮನು ಕಲ್ಪಿತ ವ್ಯಕ್ತಿಯೆ? ಅಲ್ಲ. ಅವನೇ ಹೊರಡಿಸಿದ ಕರ್ನೂಲಿನ ತಾಮ್ರಶಾಸನವೊಂದು ದೊರೆತಿದ್ದು, ಅದರಲ್ಲಿ ತಾನು ಪುಲಕೇಶಿಯ ಮಗನೆಂದು ಅವನು ಹೇಳಿಕೊಂಡಿದ್ದಾನೆ. ಎಂದರೆ ವಿಕ್ರಮಾದಿತ್ಯನಿಗೆ ಅವನು ತಂದೆಯಲ್ಲ, ಸೋದರ. ಮುನ್ನೂರೈವತ್ತು ವರ್ಷಗಳ ಮೇಲೆ ಬರೆದವನು, ಒಬ್ಬರ ನಂತರ ಒಬ್ಬರು ಆಳಿದವರ ಪಟ್ಟಿಯನ್ನು ತಂದೆ-ಮಕ್ಕಳ ಪಟ್ಟಿಯೆಂದು ತಿಳಿದುಕೊಂಡಿರಬೇಕು. ವಂಶಾವಳಿಗಳಲ್ಲಿ ಪದೇ ಪದೇ ಕಾಣುವ ದೋಷವಿದು, ಮೋಸವಲ್ಲ, ಪ್ರಮಾದ. ಹೆಸರುಗಳು ಉಳಿಯುತ್ತವೆ, ಸಂಬಂಧಗಳು ಕದಲುತ್ತವೆ.

ಇನ್ನು ವಿವಾದದ ಮಧ್ಯಭಾಗ. ಕೌಥೆಂ ಶಾಸನದ ಮಾತನ್ನೇ 1024ರ ಮೀರಜ ತಾಮ್ರಶಾಸನವೂ 1077ರ ಯೇವೂರು ಶಾಸನವೂ ಹೇಳುತ್ತವೆಯಲ್ಲ, ಮೂರು ಸಾಕ್ಷಿಗಳಾದುವಲ್ಲ ಎಂದು ವಾಚಕರು ಕೇಳಬಹುದು. ಆದರೆ ಮೂರರಲ್ಲಿಯೂ ಪೀಠಿಕೆಯ ಪಾಠ ಬಹುಮಟ್ಟಿಗೆ ಒಂದೇ. ಅರಮನೆಯ ಬರಹಗಾರರು ಒಂದೇ ಮೂಲವನ್ನು ನಕಲು ಮಾಡಿದ್ದಾರೆ. ಪರೀಕ್ಷೆಯಲ್ಲಿ ಒಬ್ಬನ ಉತ್ತರವನ್ನು ಇನ್ನಿಬ್ಬರು ನೋಡಿ ಬರೆದರೆ ಅದು ಮೂವರ ಉತ್ತರವಾಗುವುದೆ? ನಕಲುಗಳನ್ನು ಗುರುತಿಸುವುದು ಅಕ್ಷರಗಳ ಆಕಾರದಿಂದಲೂ ಸಾಧ್ಯ. ಯಳವತ್ತಿಗೆ ದೂರವಲ್ಲದ ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ಬಾದಾಮಿಯ ವಿಜಯಾದಿತ್ಯ, ಎರಡನೆಯ ವಿಕ್ರಮಾದಿತ್ಯರ ಎಂಟನೆಯ ಶತಮಾನದ ದಾನಗಳನ್ನು ಹೇಳುವ ಶಿಲಾಶಾಸನಗಳಿವೆ. ಅವುಗಳ ಅಕ್ಷರಗಳು ಆ ಕಾಲದವಲ್ಲ, ಬಹಳ ಈಚಿನವು ಎಂದು ಫ್ಲೀಟರು ತೋರಿಸಿದರು. ಹಳೆಯ ದಾನಪತ್ರಗಳನ್ನು ಬಳಿಕ ಕಲ್ಲಿಗೇರಿಸಿರಬೇಕು. ಅಂಥ ಬರಹವನ್ನು ಸುಳ್ಳೆಂದು ತಳ್ಳಬೇಕಿಲ್ಲ. ಆದರೆ ಸಮಕಾಲೀನ ಸಾಕ್ಷಿಯೆಂದು ಎಣಿಸಲೂ ಬಾರದು. ಅದೇ ಲಕ್ಷ್ಮೇಶ್ವರದಲ್ಲಿ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೆ ಕೊಟ್ಟ ವ್ಯವಸ್ಥೆಯ ಕನ್ನಡ ಶಾಸನವೂ ಇದೆ.

ಹೊರಗಿನ ಸಾಕ್ಷಿ ಇಲ್ಲದಿರುವಲ್ಲಿ ಲೆಕ್ಕ ತುಸು ನೆರವಾಗುತ್ತದೆ. ರಾಜರ ಆಳ್ವಿಕೆಯ ಅವಧಿ ಏರುಪೇರಾಗಬಹುದು, ಅಣ್ಣನ ನಂತರ ತಮ್ಮ ಬರಬಹುದು. ಆದರೆ ತಂದೆಯಿಂದ ಮಗನಿಗೆ ಇಳಿಯುವ ಅಂತರವನ್ನು ಹಲವು ತಲೆಮಾರುಗಳಿಗೆ ಸರಾಸರಿ ಹಾಕಿದರೆ ಅದು ಒಂದು ಮಿತಿಯೊಳಗೆ ನಿಲ್ಲುತ್ತದೆ. ನಿಶ್ಚಿತವಾದ ಭಾಗವನ್ನು ಮೊದಲು ಅಳೆಯೋಣ. ಒಂದನೆಯ ಪುಲಕೇಶಿಯ ಬಾದಾಮಿ ಶಾಸನದ ಕಾಲ 543. ಆರು ತಲೆಮಾರು ಕೆಳಗಿನ ಎರಡನೆಯ ವಿಕ್ರಮಾದಿತ್ಯನ ಪಟ್ಟ 733. ತಲೆಮಾರಿಗೆ ಸುಮಾರು 32 ವರ್ಷ. ಕಲ್ಯಾಣದಲ್ಲಿ 973ರ ತೈಲಪನಿಂದ 1076ರ ಆರನೆಯ ವಿಕ್ರಮಾದಿತ್ಯನವರೆಗೆ ನಾಲ್ಕು ತಲೆಮಾರು. ತಲೆಮಾರಿಗೆ ಸುಮಾರು 26. ಇನ್ನು ಸಂಶಯದ ಭಾಗ: 733ರ ವಿಕ್ರಮಾದಿತ್ಯನ ತಮ್ಮ ಭೀಮನಿಂದ 973ರ ತೈಲಪನವರೆಗೆ ಏಳು ತಲೆಮಾರು, 240 ವರ್ಷ, ತಲೆಮಾರಿಗೆ ಸುಮಾರು 34. ತುಸು ಹೆಚ್ಚಾದರೂ ಅಸಂಭವವೇನಲ್ಲ. ಒಂದು ಹೆಸರು ಬಿಟ್ಟುಹೋಗಿದ್ದರೂ ಲೆಕ್ಕ ಚೆನ್ನಾಗಿಯೇ ಕೂಡುತ್ತದೆ. ಆದರೆ ಈ ಲೆಕ್ಕದ ಶಕ್ತಿಯನ್ನು ಅತಿಯಾಗಿ ಎಣಿಸಬಾರದು. ಇಂಥದು ಅಸಾಧ್ಯವೆಂದು ಅದು ಹೇಳಬಲ್ಲುದು. ಇಂಥದು ನಿಜವೆಂದು ಹೇಳಲಾರದು. ಜಾಣನಾದ ಕಲ್ಪಕನೂ ಲೆಕ್ಕ ಬಲ್ಲವನೇ ಆಗಿರುತ್ತಾನೆ.

ಸರಪಳಿಯ ಕೆಳತುದಿ ಮಾತ್ರ ಗಟ್ಟಿಯಾಗಿದೆ. ತೈಲಪನ ತಾಯಿ ಬೊಂಥಾದೇವಿ ಚೇದಿಯ ಲಕ್ಷ್ಮಣರಾಜನ ಮಗಳೆಂದು ಶಾಸನ ಹೇಳುತ್ತದೆ. ಲಕ್ಷ್ಮಣರಾಜನು ಹತ್ತನೆಯ ಶತಮಾನದ ಮಧ್ಯದವನೆಂದು ಚೇದಿಯ ಕಳಚುರಿಗಳ ಸ್ವಂತ ಶಾಸನಗಳಿಂದ ತಿಳಿಯುತ್ತದೆ, ಕಾಲ ಸರಿಹೊಂದುತ್ತದೆ. ತೈಲಪನೂ ಬೀದಿಯಿಂದೆದ್ದು ಬಂದವನಲ್ಲ. 965ರಲ್ಲಿಯೇ ಅವನು ರಾಷ್ಟ್ರಕೂಟರ ಕೈಕೆಳಗೆ ತರ್ದವಾಡಿ ಸಾಸಿರವನ್ನು ಆಳುತ್ತಿದ್ದನು. ರಾಷ್ಟ್ರಕೂಟರ ಕಾಲದಲ್ಲಿ ಚಾಲುಕ್ಯರೆನಿಸಿಕೊಂಡ ಬೇರೆ ಶಾಖೆಗಳೂ ಬದುಕಿದ್ದುವು. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಅರಿಕೇಸರಿಯು ಅಂಥ ಒಂದು ಶಾಖೆಯವನಲ್ಲವೆ? ಆದುದರಿಂದ ಬಾದಾಮಿಯವರ ದಾಯಾದಿಗಳು ಎಲ್ಲಿಯೋ ಉಳಿದು ಬಂದಿದ್ದರೆಂಬುದು ಸಂಭವನೀಯವೇ. ಡಾ. ರಾ. ಗೋ. ಭಾಂಡಾರಕರರು ತಮ್ಮ ದಖನ್ನಿನ ಇತಿಹಾಸದಲ್ಲಿ ತೈಲಪನದು ಬೇರೊಂದು ಅಪ್ರಸಿದ್ಧ ಶಾಖೆಯಾಗಿರಬೇಕೆಂದು ಊಹಿಸಿದರು. ನನಗೆ ತೋರುವಂತೆ ಎರಡು ತುದಿಗಳನ್ನು ಒಪ್ಪಿ, ನಡುವಣ ಹೆಸರುಗಳನ್ನು ಅರೆಮನಸ್ಸಿನಿಂದ ಇಟ್ಟುಕೊಳ್ಳುವುದೇ ಉಚಿತ. ‘ಒಂದನೆಯ’, ‘ಎರಡನೆಯ’ ಎಂಬ ಸಂಖ್ಯೆಗಳನ್ನು ಅರಸರು ಇಟ್ಟುಕೊಂಡುದಲ್ಲ, ನಮ್ಮ ಇತಿಹಾಸಕಾರರು ಹಚ್ಚಿದ್ದು ಎಂಬುದನ್ನೂ ಮರೆಯಬಾರದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಲ್ಲಿ ಇಬ್ಬರು ಒಬ್ಬರಾಗುವುದೂ ಒಬ್ಬನು ಇಬ್ಬರಾಗುವುದೂ ಬಲು ಸುಲಭ.

ಇದು ನಮ್ಮ ದೇಶದ ರೋಗವೆಂದು ಯಾರೂ ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ವಂಶಾವಳಿಯ ಸಾಧನಗಳು ಸಮೃದ್ಧವಾಗಿವೆ. 1538ರಿಂದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲೆ ಮಾಡತೊಡಗಿದುವು. ಅದಕ್ಕೂ ಹಿಂದೆ, ದೊರೆಯಿಂದ ನೇರವಾಗಿ ಭೂಮಿ ಹಿಡಿದವನು ಸತ್ತಾಗ ಅವನ ವಾರಸುದಾರನಾರು, ವಯಸ್ಸೆಷ್ಟು ಎಂದು ಸರಕಾರವೇ ವಿಚಾರಣೆ ನಡೆಸುತ್ತಿದ್ದಿತು. ಆದರೂ ಸರದಾರರ ಮನೆತನಗಳು ಕಲ್ಪನೆಯನ್ನು ಬಿಡಲಿಲ್ಲ. ನಾರ್ಫೋಕಿನ ಡ್ಯೂಕರಾದ ಹೋವರ್ಡರ ವಂಶವು ದಾಖಲೆಗಳಲ್ಲಿ ನಿಶ್ಚಿತವಾಗಿ ಕಾಣುವುದು 1308ರಲ್ಲಿ ತೀರಿಕೊಂಡ ವಿಲಿಯಂ ಹೋವರ್ಡನೆಂಬ ನ್ಯಾಯಾಧೀಶನಿಂದ. ಆದರೆ ನಾರ್ಮನ್ನರನ್ನು ಎದುರಿಸಿದ ವೀರ ಹೆರೆವರ್ಡನವರೆಗೆ ಅದನ್ನು ಹಿಗ್ಗಿಸಿದವರುಂಟು. ಡೆನ್‌ಬಿಯ ಅರ್ಲರಾದ ಫೀಲ್ಡಿಂಗರು ತಾವು ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಸಾಮ್ರಾಟರ ಕುಲದವರೆಂದು ಹೇಳಿಕೊಂಡರು. ಇತಿಹಾಸಕಾರ ಗಿಬ್ಬನ್ನನೂ ಅದನ್ನು ನಂಬಿ ಬರೆದನು. ಅದಕ್ಕೆ ಆಧಾರವಾದ ಪತ್ರಗಳು ಕೃತ್ರಿಮವೆಂದು ಹೊರೇಸ್ ರೌಂಡ್ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಯಲುಮಾಡಿದನು.

ಪತ್ರಗಳೆಲ್ಲ ಪ್ರಾಮಾಣಿಕವಾಗಿದ್ದರೂ ಮುಗಿಯಲಿಲ್ಲ. 1485ರ ಯುದ್ಧದಲ್ಲಿ ಮಡಿದ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡನ ಅಸ್ಥಿಪಂಜರವು 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ ದೊರೆಯಿತು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿ. ಎನ್. ಎ. ಅನ್ನು, ರಿಚರ್ಡನ ಸೋದರಿಯ ಹೆಣ್ಣುಸಂತತಿಯಲ್ಲಿ ಇಳಿದು ಬಂದ ಇಬ್ಬರ ಡಿ. ಎನ್. ಎ. ಜೊತೆಗೆ ಹೋಲಿಸಿದಾಗ ಅದು ಹೊಂದಿಕೊಂಡಿತು. ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಬರುವ ವೈ ವರ್ಣತಂತುವಿನ ಕಥೆ ಬೇರೆಯಾಯಿತು. ಮೂರನೆಯ ಎಡ್ವರ್ಡ್ ದೊರೆಯು ರಿಚರ್ಡನಿಗೂ ಬೋಫೋರ್ಟಿನ ಡ್ಯೂಕರಿಗೂ ಸಮಾನ ಪೂರ್ವಜ. ಐದನೆಯ ಡ್ಯೂಕನ ಗಂಡುಸಂತತಿಯ ಐವರನ್ನು ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಬ್ಬರ ವರ್ಣತಂತುವೂ ರಿಚರ್ಡನದಕ್ಕೆ ಹೊಂದಲಿಲ್ಲ. ಐವರಲ್ಲಿ ನಾಲ್ವರದು ಒಂದು ಬಗೆ, ಐದನೆಯವನದು ಇನ್ನೊಂದು. ನಡುವೆ ಕಡಿಮೆಯೆಂದರೂ ಎರಡು ಕಡೆ, ಕಾಗದದ ತಂದೆ ನಿಜವಾದ ತಂದೆಯಾಗಿರಲಿಲ್ಲ ಎಂದಾಯಿತು. ಎಲ್ಲಿ, ಯಾರು ಎಂಬುದನ್ನು ಈ ಪರೀಕ್ಷೆ ಹೇಳಲಿಲ್ಲ.

ಗಂಡುಸಾಲೊಂದನ್ನೇ ಹಿಡಿದು ಹೋಗುವ ವಂಶಾವಳಿಯು ರಕ್ತದ ಎಷ್ಟು ಭಾಗವನ್ನು ಹೇಳುತ್ತದೆಂಬುದನ್ನೂ ಯೋಚಿಸಿರಿ. ನಮಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು ಮಂದಿ. ಏಳನೆಯ ತಲೆಮಾರಿಗೆ 128 ಸ್ಥಾನಗಳು. ಮೂವತ್ತನೆಯದಕ್ಕೆ 107 ಕೋಟಿಗೂ ಮಿಕ್ಕು. ಆ ಕಾಲದಲ್ಲಿ ಭೂಮಿಯ ಮೇಲೆ ಅಷ್ಟು ಜನರೇ ಇರಲಿಲ್ಲ! ಒಬ್ಬನೇ ಪೂರ್ವಜನು ಹಲವು ಸ್ಥಾನಗಳಲ್ಲಿ ಕುಳಿತಿರುವುದರಿಂದ ಈ ವಿರೋಧ ಪರಿಹಾರವಾಗುತ್ತದೆ. ಸೋದರಮಾವನ ಮಗಳನ್ನು ತಂದುಕೊಳ್ಳುವ ನಮ್ಮ ಮನೆಗಳಲ್ಲಿ ಇದು ಬೇಗನೆ ಕಾಣುತ್ತದೆ: ಅಂಥ ದಂಪತಿಗಳ ಮಗುವಿಗೆ ಮುತ್ತಜ್ಜ, ಮುತ್ತಜ್ಜಿಯರು ಎಂಟರ ಬದಲು ಆರೇ ಮಂದಿ.

ಚಾಲುಕ್ಯರ ವಿಷಯದಲ್ಲಿ ರಿಚರ್ಡನಿಗೆ ಮಾಡಿದಂಥ ಪರೀಕ್ಷೆಗೆ ಆಸ್ಪದವಿಲ್ಲ. ದಹನದ ಬೂದಿ ಹೊಳೆ ಸೇರಿದ ಮೇಲೆ ಪರೀಕ್ಷಿಸಲು ಉಳಿಯುವುದೇನು? ಉಳಿದಿರುವ ಆಸೆಯೆಂದರೆ ಕಲ್ಲು ಮತ್ತು ತಾಮ್ರ. ಭೀಮನ ಮಗ ಕೀರ್ತಿವರ್ಮನ ಅಥವಾ ಅವನ ಮಗ ತೈಲನ ಕಾಲದ್ದೇ ಆದ, ತಂದೆಯ ಹೆಸರನ್ನು ಹೇಳುವ ನಾಲ್ಕು ಸಾಲಿನ ಶಾಸನವೊಂದು ದೊರೆತರೂ ಮೀರಜ, ಯೇವೂರುಗಳ ನಕಲುಗಳಿಗಿಂತ ಅದರ ತೂಕ ಹೆಚ್ಚು. ಅಂಥ ಕಲ್ಲು ಹೊಲದ ಬದುವಿನಲ್ಲಿಯೋ ಹಾಳು ಗುಡಿಯ ಮೆಟ್ಟಿಲಾಗಿಯೋ ಇರಬಹುದು. ಕಂಡವರು ಅದನ್ನು ಅಲುಗಿಸದೆ, ಅಕ್ಷರಗಳಿಗೆ ಸುಣ್ಣ ಬಳಿಯದೆ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ ಪುರಾತತ್ತ್ವ ಇಲಾಖೆಗೋ ತಿಳಿಸತಕ್ಕದ್ದು.